ಸೀಲ್ಡ್ ಐಡ್ಲರ್ ರೋಲರ್: ಮೂರು ವರ್ಷ ಓಡಿಸಿದ ಮೇಲೆ

ಕನ್ವೇಯರ್ ಬೆಲ್ಟನ್ನು ಕೆಳಗಿನಿಂದ ಹೊತ್ತು ತಿರುಗುವ, ಬೇರಿಂಗ್ ಒಳಗೇ ಮುಚ್ಚಿರುವ ಈ ರೋಲರ್ ಒಳ್ಳೆಯದೇ. ಆದರೆ ‘ನಿರ್ವಹಣೆ ಬೇಡ’ ಅಂತ ಕಂಪನಿ ಹೇಳುವ ಮಾತು ಅರ್ಧ ಮಾತ್ರ ನಿಜ. ಗ್ರೀಸ್ ಹೊಡೆಯುವ ಕೆಲಸ ತಪ್ಪುತ್ತದೆ, ನೋಡಿಕೊಳ್ಳುವ ಕೆಲಸ ತಪ್ಪುವುದಿಲ್ಲ.

ಬಳಸಿದ ಜಾಗ: 1000 ಮಿ.ಮೀ. ಬೆಲ್ಟ್, 35 ಡಿಗ್ರಿ ಟ್ರಫ್ (ಬೆಲ್ಟ್ ದೋಣಿಯಂತೆ ಬಾಗಲು ಸೈಡ್ ರೋಲರ್ ಇರುವ ಓರೆ), ಸೆಕೆಂಡಿಗೆ 2.5 ಮೀಟರ್ ವೇಗ, ಗಂಟೆಗೆ ಸುಮಾರು 500 ಟನ್ ಜಲ್ಲಿ, ಜೊತೆಗೆ ಸಾಕಷ್ಟು ಪುಡಿ. ರೋಲರ್ ಹೊರವ್ಯಾಸ 114.3 ಮಿ.ಮೀ., ಶಾಫ್ಟ್ 25, ಬೇರಿಂಗ್ 6205 ಸಿ3 (ಸಿ3 ಅಂದರೆ ಒಳಗೆ ಸ್ವಲ್ಪ ಹೆಚ್ಚು ಸಡಿಲ), ಲ್ಯಾಬಿರಿಂತ್ ಸೀಲ್ (ದೂಳು ದಾಟದಂತೆ ಅಂಕುಡೊಂಕು ದಾರಿಯ ತಡೆ). ಈ ವೇಗಕ್ಕೆ ರೋಲರ್ ನಿಮಿಷಕ್ಕೆ ಸುಮಾರು 418 ಸುತ್ತು ತಿರುಗುತ್ತದೆ.

ರೋಲರ್ ಬೇಗ ಹೋದರೆ ‘ಬೇರಿಂಗ್ ಚಿಕ್ಕದಾಯಿತು, 6305 ಹಾಕಿಸಿ’ ಎನ್ನುವ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಒಮ್ಮೆ ಲೆಕ್ಕ ಹಾಕಿ ನೋಡಿ. ಈ ಬೆಲ್ಟಿನ ಒಂದು ಮೀಟರ್ ಮೇಲೆ 56 ಕಿಲೋ ಮಾಲು, ಬೆಲ್ಟಿನ ತೂಕ ಸುಮಾರು 15 ಕಿಲೋ. ಫ್ರೇಮ್‌ಗಳ ನಡುವೆ 1.2 ಮೀಟರ್ ಅಂತರ ಇದ್ದರೆ ಒಂದು ಫ್ರೇಮಿನ ಮೂರು ರೋಲರ್ ಸೆಟ್ ಮೇಲೆ 85 ಕಿಲೋ. ಮೂರು ರೋಲರ್‌ಗಳಲ್ಲಿ ನಡುವಿನದೇ ಸುಮಾರು ಶೇ. 70 ಹೊರುತ್ತದೆ, ಅಂದರೆ 60 ಕಿಲೋ. ತುದಿಗೊಂದು ಬೇರಿಂಗ್, ಹಾಗಾಗಿ ಒಂದಕ್ಕೆ 30 ಕಿಲೋ. 6205ರ ಡೈನಾಮಿಕ್ ಸಾಮರ್ಥ್ಯ ಸುಮಾರು 1400 ಕಿಲೋ. ಬಾಲ್ ಬೇರಿಂಗ್ ಆಯಸ್ಸು ಸಾಮರ್ಥ್ಯಕ್ಕೂ ಭಾರಕ್ಕೂ ಇರುವ ಅನುಪಾತದ ಘನಕ್ಕೆ ತಕ್ಕಂತೆ ಏರುವುದರಿಂದ ಕಾಗದದ ಮೇಲೆ ಅದು ಲಕ್ಷಗಟ್ಟಲೆ ಗಂಟೆ ದಾಟಿಬಿಡುತ್ತದೆ. ಅಷ್ಟು ಬಾಳಬೇಕಾದದ್ದು ಒಂದೇ ವರ್ಷಕ್ಕೆ ತಿರುಗದೆ ಹಿಡಿದುಕೊಂಡರೆ ಭಾರ ಅದನ್ನು ಕೊಂದಿಲ್ಲ. ಒಳಗೆ ಏನೋ ಹೊಕ್ಕಿದೆ, ಇಲ್ಲವೇ ಕೂರಿಸಿದ್ದು ಸೊಟ್ಟಗಿದೆ.

ಯಾವುದು ಎಂದು ತಿಳಿಯಲು ಹೋದ ರೋಲರನ್ನು ಗುಜರಿಗೆ ಎಸೆಯಬೇಡಿ, ಕತ್ತರಿಸಿ. ತುದಿಯಿಂದ ಒಂದು ಗೇಣು ಬಿಟ್ಟು ಪೈಪನ್ನು ಕೊಯ್ದು ಬೇರಿಂಗ್ ಹೊರತೆಗೆಯಿರಿ. ಗ್ಯಾಸ್ ಕಟರ್ ಬೇಡ, ಶಾಖಕ್ಕೆ ಗ್ರೀಸಿನ ಸಾಕ್ಷಿ ಕರಗಿಹೋಗುತ್ತದೆ. ಗ್ರೀಸ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೋಗಿದೆ. ಬೆರಳಿಗೆ ತರಿತರಿಯಾಗಿ ಸಿಕ್ಕರೆ ಸೀಲ್ ದಾಟಿ ದೂಳು ಬಂದಿದೆ. ಕಪ್ಪಗೆ ಸುಟ್ಟು ಗಟ್ಟಿಯಾಗಿದ್ದರೆ ಬೇರಿಂಗ್ ಬಹಳ ಹೊತ್ತು ಬಿಸಿಯಾಗಿಯೇ ಓಡಿದೆ. ಆದರೆ ಅದು ಕೊನೆಯ ಹಂತ, ಮೂಲ ಕಾರಣವನ್ನು ಇನ್ನೂ ಹಿಂದೆ ಹುಡುಕಬೇಕು. ಬಾಲ್ ಓಡಿದ ಗುರುತು ಟ್ರ್ಯಾಕ್‌ನಲ್ಲಿ ಓರೆಯಾಗಿದ್ದರೆ ಶಾಫ್ಟ್ ಬಾಗಿದೆ ಅಥವಾ ಅದರ ತುದಿಗಳನ್ನು ಹಿಡಿಯುವ ಎರಡು ಬ್ರಾಕೆಟ್ ಒಂದೇ ಸಾಲಿನಲ್ಲಿಲ್ಲ. ಈ ಜಾತಿಯ ಬೇರಿಂಗ್ ಸಹಿಸುವುದು ಕೆಲವೇ ಆರ್ಕ್-ಮಿನಿಟ್‌ಗಳಷ್ಟು ಓರೆಯನ್ನು. ಬಾಲ್‌ಗಳ ಅಂತರದಲ್ಲೇ ಸಮನಾಗಿ ಗುಳಿ ಬಿದ್ದಿದ್ದರೆ ತಪ್ಪು ಕನ್ವೇಯರ್‌ನದ್ದಲ್ಲ. ಸ್ಟೋರ್‌ನಲ್ಲೋ ಲಾರಿಯಲ್ಲೋ ತಿರುಗದೆ ನಿಂತು ಅದುರಿದ್ದರ ಗುರುತು ಅದು. ಕಂಪನದ ಯಂತ್ರದ ಪಕ್ಕ ಹೊಸ ರೋಲರ್ ರಾಶಿ ಹಾಕುವುದನ್ನು ಬಿಟ್ಟರೆ ಈ ಕಾಟ ಬಹಳಷ್ಟು ಕಡಿಮೆಯಾಗುತ್ತದೆ.

ಈ ರೋಲರ್‌ನ ದೊಡ್ಡ ಗುಣ ಅದರ ಸೀಲ್. ಒಣ ದೂಳಿಗೆ ಅದು ಜಗ್ಗಲಿಲ್ಲ. ಸೋತದ್ದು ನೀರಿಗೆ, ಅದರಲ್ಲೂ ಪ್ರೆಷರ್ ವಾಷರ್‌ಗೆ. ಓಡಿ ಬಿಸಿಯಾದ ರೋಲರ್ ಮೇಲೆ ತಣ್ಣೀರು ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನ ನೀರನ್ನು ಸೀಲ್ ಮೂಲಕವೇ ಎಳೆದುಕೊಳ್ಳುತ್ತದೆ. ಜೆಟ್ ನೇರವಾಗಿ ತುದಿಗೆ ಹಿಡಿದರಂತೂ ಲ್ಯಾಬಿರಿಂತ್ ಇದ್ದೂ ಇಲ್ಲದಂತೆ. ತೊಳೆಯಲೇಬೇಕಿದ್ದರೆ ರೋಲರ್ ತಣ್ಣಗಾಗಲಿ, ನೀರು ಪೈಪಿನ ಮೈಗೆ ಬೀಳಲಿ, ತುದಿಗೆ ಬೇಡ. ಸೈಡ್ ರೋಲರ್‌ಗಳ ಕೆಳತುದಿ ಇದಕ್ಕೆ ಮೊದಲ ಬಲಿ. ಇಳಿದು ಬಂದ ಕೆಸರೆಲ್ಲ ನಿಲ್ಲುವುದು ಆ ಸಂದಿನಲ್ಲೇ.

ಯಾವ ಜಾಗದ ರೋಲರ್ ಹೋಯಿತು ಎಂದು ಬರೆದಿಡದೆ ತನಿಖೆ ಸಾಗುವುದಿಲ್ಲ. ಫ್ರೇಮ್‌ಗಳಿಗೆ ಟೇಲ್ (ಬೆಲ್ಟಿನ ಹಿಂತುದಿ) ಕಡೆಯಿಂದ ನಂಬರ್ ಹಾಕಿ, ಎಡ, ನಡು, ಬಲ, ರಿಟರ್ನ್ (ಖಾಲಿ ಬೆಲ್ಟ್ ಹಿಂದಿರುಗುವ ಕೆಳಸಾಲು) ಎಂದು ಗುರುತಿಸಿ. ಬೆಲ್ಟಿಗೆ ಮಾಲು ಸುರಿಯುವ ಚ್ಯೂಟ್ ಕೆಳಗಿನವು ಮಾತ್ರ ಹೋಗುತ್ತಿದ್ದರೆ ಅದು ಬೀಳುವ ಕಲ್ಲಿನ ಪೆಟ್ಟು. ಅಲ್ಲಿ ರಬ್ಬರ್ ರಿಂಗಿನ ಇಂಪ್ಯಾಕ್ಟ್ ರೋಲರ್ ಹಾಕಿ ಅಂತರ ಕಡಿಮೆ ಮಾಡಬೇಕು. ರಿಟರ್ನ್ ರೋಲರ್‌ಗಳು ಹೋಗುತ್ತಿದ್ದರೆ ಮೊದಲು ಬೆಲ್ಟ್ ಕೆರೆಯುವ ಸ್ಕ್ರೇಪರ್ ನೋಡಿ: ಬೆಲ್ಟಿಗೆ ಅಂಟಿ ಬಂದ ಮಾಲು ರೋಲರ್ ಮೇಲೆ ಏರುಪೇರಾಗಿ ಮೆತ್ತಿಕೊಂಡು ಪ್ರತಿ ಸುತ್ತಿಗೂ ಬೇರಿಂಗನ್ನು ಕುಟ್ಟುತ್ತದೆ, ಬೆಲ್ಟನ್ನೂ ಪಕ್ಕಕ್ಕೆ ಓಡಿಸುತ್ತದೆ.

ಒಂದೇ ಫ್ರೇಮ್‌ನಲ್ಲಿ ಮತ್ತೆ ಮತ್ತೆ ಹೋದರೆ ದಾರ ಕಟ್ಟಿ ಎತ್ತರ ಅಳೆಯಿರಿ. ಟೆನ್ಶನ್ 20 ಕಿಲೋನ್ಯೂಟನ್ ಇರುವ ಕಡೆ ಒಂದು ಫ್ರೇಮ್ ಪಕ್ಕದವಕ್ಕಿಂತ 10 ಮಿ.ಮೀ. ಮೇಲೆದ್ದಿದ್ದರೆ, ಅಂತರ 1.2 ಮೀಟರ್ ಇರುವಾಗ, ಆ ಸೆಟ್ ಮೇಲೆ ಸುಮಾರು 34 ಕಿಲೋ ಹೆಚ್ಚುವರಿ ಒತ್ತಡ ಬೀಳುತ್ತದೆ. ಹೆಡ್ ಪುಲ್ಲಿ (ಮುಂತುದಿಯ ದೊಡ್ಡ ಗಾಲಿ) ಹತ್ತಿರ ಟೆನ್ಶನ್ ಜಾಸ್ತಿ, ಹಾಗಾಗಿ ಅಲ್ಲಿ ಪೆಟ್ಟೂ ಜಾಸ್ತಿ. ಬೆಲ್ಟ್ ನೆಟ್ಟಗೆ ಓಡಲಿ ಎಂದು ಸೈಡ್ ರೋಲರ್‌ಗಳನ್ನು ಮುಂದಕ್ಕೆ ವಾಲಿಸುವ ಅಭ್ಯಾಸ ಬಹಳ ಕಡೆ ಇದೆ. ಎರಡು ಡಿಗ್ರಿ ಮೀರಿದರೆ ಪೈಪ್ ಸವೆಯುತ್ತದೆ, ಬೇರಿಂಗ್ ಮೇಲೆ ಶಾಫ್ಟಿನ ಉದ್ದಕ್ಕೆ ತಳ್ಳುವ ಒತ್ತಡವೂ ಬೀಳುತ್ತದೆ.

ಇನ್ನು ರೋಲರ್‌ನದೇ ದೋಷಗಳು. 25ರ ಶಾಫ್ಟಿನ ತುದಿಯ ಚಪ್ಪಟೆ ಭಾಗ 18 ಮಿ.ಮೀ. ಇರಬೇಕು. ಎರಡನೇ ಲಾಟ್‌ನಲ್ಲಿ ಅದು ಕಡಿಮೆಯಿದ್ದು ಬ್ರಾಕೆಟ್ಟಿನ ಕಚ್ಚಿನಲ್ಲಿ ಆಡುತ್ತಿತ್ತು. ಆಡಿದರೆ ಶಾಫ್ಟ್ ಆ ಕಚ್ಚನ್ನು ತಿಂದು ಅಗಲ ಮಾಡುತ್ತದೆ, ರೋಲರ್ ಖಟಖಟ ಎನ್ನುತ್ತದೆ, ಕೊನೆಗೆ ಫ್ರೇಮನ್ನೇ ಬದಲಿಸುವ ಖರ್ಚು. ಪೈಪಿನ ಗಾತ್ರವೂ ಎಲ್ಲ ಕಡೆ ಒಂದೇ ಇರಲಿಲ್ಲ. ಹೊಸ ಲಾಟ್ ಬಂದಾಗ ಕೆಲವನ್ನು ಸೆಂಟರ್ ಮೇಲೆ ಕೂರಿಸಿ ಡಯಲ್ ಗೇಜ್ ಹಿಡಿಯಿರಿ. ಪೈಪಿನ ಓಲಾಟ 0.5 ಮಿ.ಮೀ. ಒಳಗಿದ್ದರೆ ಇಟ್ಟುಕೊಳ್ಳಿ, 1 ಮಿ.ಮೀ. ದಾಟಿದರೆ ವಾಪಸ್ ಕಳಿಸಿ. ಲಾಟ್‌ಗೊಂದು ರೋಲರ್ ಕೊಯ್ದು ಪೈಪಿನ ದಪ್ಪ, ಬೇರಿಂಗ್ ನಂಬರ್, ಬೇರಿಂಗ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಕೂತ ರೀತಿ ನೋಡಿದರೆ ಆ ಒಂದರ ಬೆಲೆ ವಸೂಲಾಗುತ್ತದೆ.

ಕೂರಿಸುವಾಗ ಶಾಫ್ಟ್ ತುದಿಗೆ ಸುತ್ತಿಗೆ ಬೇಡ. ಆ ಪೆಟ್ಟು ಬೇರಿಂಗ್ ಟ್ರ್ಯಾಕ್‌ಗೇ ಹೋಗುತ್ತದೆ. ಹತ್ತಿರದಲ್ಲಿ ವೆಲ್ಡಿಂಗ್ ಮಾಡುವಾಗ ಅರ್ತ್ ಕ್ಲಾಂಪ್ ವೆಲ್ಡ್ ಪಕ್ಕದಲ್ಲೇ ಇರಲಿ. ದೂರ ಇಟ್ಟರೆ ಕರೆಂಟ್ ಬೇರಿಂಗ್ ದಾಟಿ ಹೋಗಿ ಟ್ರ್ಯಾಕ್ ಸುಡುತ್ತದೆ. ಬದಲಿಸುವ ಮುನ್ನ ಮೇನ್ ಸ್ವಿಚ್ ಬಂದ್ ಮಾಡಿ ಬೀಗ ಹಾಕಿ, ಗ್ರಾವಿಟಿ ಟೇಕ್‌ಅಪ್ (ಬೆಲ್ಟ್ ಬಿಗಿಮಾಡುವ ನೇತುತೂಕ) ಇದ್ದರೆ ಅದನ್ನೂ ಕಟ್ಟಿ. ಓಡುವ ಬೆಲ್ಟಿನಡಿ ಕೈ ಹಾಕಿದವರ ಕೈ ಉಳಿಯುವುದಿಲ್ಲ.

ತಪಾಸಣೆಗೆ ಇನ್ಫ್ರಾರೆಡ್ ಥರ್ಮಾಮೀಟರ್ ಸಾಕು. ಗಾರ್ಡ್ ಹೊರಗೆ ನಿಂತು ತುದಿಗಳಿಗೆ ಹಿಡಿಯಿರಿ, ಪಕ್ಕದ ರೋಲರ್‌ಗಳ ಜೊತೆ ಹೋಲಿಸಿ. 10 ಡಿಗ್ರಿ ಹೆಚ್ಚಿದ್ದರೆ ಬಣ್ಣದ ಗುರುತು, 20 ದಾಟಿದರೆ ಮುಂದಿನ ಶಟ್‌ಡೌನ್‌ನಲ್ಲೇ ತೆಗೆಯಿರಿ. ಪೂರ್ತಿ ನಿಂತುಹೋದ ರೋಲರ್ ತಣ್ಣಗೂ ಇರಬಹುದು, ಹಾಗಾಗಿ ಕಣ್ಣಿನಿಂದ ನೋಡುವುದು ತಪ್ಪಬಾರದು. ನಿಂತ ರೋಲರನ್ನು ಬೆಲ್ಟ್ ಒಂದೇ ಕಡೆ ಉಜ್ಜಿ ತೂತು ಮಾಡಿದರೆ ಆ ಅಂಚು ಚಾಕುವಾಗಿ ಬೆಲ್ಟನ್ನೇ ಸೀಳುತ್ತದೆ.

ಮತ್ತೆ ತರಿಸುವಾಗ 6205 ಹಾಗೆಯೇ ಇರಲಿ. ನಾವು ಕೇಳಿದ್ದು ಎರಡೇ ಬದಲಾವಣೆ: ಸೀಲ್ ಹೊರಗೆ ಕಲ್ಲು ಮತ್ತು ನೀರು ನೇರವಾಗಿ ತಾಗದಂತೆ ಲೋಹದ ಕವರ್, ಮತ್ತು ಚಪ್ಪಟೆ ಭಾಗದ ಅಳತೆಗೆ ಲಿಖಿತ ಮಿತಿ. ಕವರ್ ಇರುವವು ರಿಟರ್ನ್ ಕಡೆ ಈಗ ಎರಡನೇ ಮಳೆಗಾಲ ನೋಡುತ್ತಿವೆ.