ಹಳೆ ಜೀಪಿಗೆ ಉದ್ದ ಶಾಕಲ್, ದೊಡ್ಡ ಟೈರ್ ಹಾಕುವವರೇ, ಮೊದಲು ಬ್ರೇಕ್ ಹೋಸ್ ನೋಡಿ

ಕೊಡಗಿನ ಮಾದಾಪುರ ಕಡೆಯ ತೋಟವೊಂದರ ಹಳೆ ಡೀಸೆಲ್ ಜೀಪು, ಮಳೆ ಹಿಡಿದ ಹೊಸದರಲ್ಲಿ ಸಂಪಾಜೆ ಘಾಟಿ ಇಳಿಯುವಾಗ ಪೂರ್ತಿ ಬ್ರೇಕ್ ಕಳೆದುಕೊಂಡಿತು. ಪೆಡಲ್ ಒಂದೇ ತುಳಿತಕ್ಕೆ ನೆಲ ಮುಟ್ಟಿತು, ಪಂಪ್ ಮಾಡಿದರೂ ಮೇಲೆ ಬರಲಿಲ್ಲ. ಗಾಡಿ ಎರಡನೇ ಗೇರಿನಲ್ಲಿತ್ತು, ಪಕ್ಕದಲ್ಲಿ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಇತ್ತು. ಡ್ರೈವರ್ ಬರೆಗೆ ಒರೆಸಿಕೊಂಡೇ ನಿಲ್ಲಿಸಿದ. ಬಂಪರ್, ಮಡ್‌ಗಾರ್ಡ್, ಒಂದು ಹೆಡ್‌ಲೈಟ್ ಹೋಯಿತು, ಒಳಗಿದ್ದವರು ಉಳಿದರು. ಅದೇ ಕಂದಕದ ಕಡೆಯ ತಿರುವಾಗಿದ್ದರೆ ಇದನ್ನು ಬರೆಯುವ ರೀತಿಯೇ ಬೇರೆ ಇರುತ್ತಿತ್ತು.

ಆ ಜೀಪಿಗೆ ಮಳೆಗಾಲಕ್ಕೆ ಮೊದಲು ಮನೆಯಂಗಳದಲ್ಲೇ ಕೆಲಸ ನಡೆದಿತ್ತು. ನಾಲ್ಕೂ ಕಡೆ 2 ಇಂಚು ಹೆಚ್ಚು ಉದ್ದದ ಶಾಕಲ್ (ಪ್ಲೇಟ್ ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ, ಆಡುವ ಕೊಂಡಿ), ಅಗಲ ರಿಮ್, 31 ಇಂಚಿನ ಮಡ್ ಟೈರ್. ಸ್ಟೇರಿಂಗ್ ಒದರಲು ಶುರುವಾದ ಮೇಲೆ ಆ ನಡುಕ ತಡೆಯಲು ಒಂದು ಸ್ಟೇರಿಂಗ್ ಡ್ಯಾಂಪರ್. ಬ್ರೇಕಿನ ಕಡೆ ಯಾರೂ ಕೈ ಹಾಕಿರಲಿಲ್ಲ. ಬಿಚ್ಚಿ ನೋಡಿದರೆ ಬಲ ಮುಂದಿನ ಚಕ್ರದ ರಬ್ಬರ್ ಹೋಸ್, ಲೋಹದ ತುದಿಯ ಪಕ್ಕದಲ್ಲಿ ಸುತ್ತಲೂ ಬಿರಿದಿತ್ತು, ಒಳಗಿನ ನೂಲು ಕಾಣುತ್ತಿತ್ತು. ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಹಳೆಯ ಸಿಂಗಲ್ ಸರ್ಕ್ಯೂಟಿನದು, ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ದಾರಿ. ಅಂಥದ್ದರಲ್ಲಿ ಒಂದು ಹೋಸ್ ಹೋದರೆ ನಾಲ್ಕೂ ಚಕ್ರದ ಬ್ರೇಕ್ ಹೋದಂತೆಯೇ.

ಏಪ್ರಿಲ್, ಮೇ ಬಂದರೆ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇದೇ ಕೆಲಸ ನಡೆಯುತ್ತದೆ. ಕೊರಿಯರ್‌ನಲ್ಲಿ ಕಿಟ್ ಬರುತ್ತದೆ, ಭಾನುವಾರ ಸ್ಪ್ಯಾನರ್ ಹಿಡಿದು ಕೂತರೆ ಸಂಜೆಗೆ ಗಾಡಿ ಎತ್ತರ. ಹಾಗಾಗಿ ಈ ಜೀಪಿನಲ್ಲಿ ಏನು ಯಾಕೆ ಕೆಟ್ಟಿತು ಎಂಬುದನ್ನು ಬಿಡಿಸಿ ಬರೆಯುವುದು ಅಗತ್ಯ ಅನ್ನಿಸಿತು.

ಹೋಸಿನಿಂದಲೇ ಶುರು ಮಾಡೋಣ. ಚಾಸಿಗೆ ಬಿಗಿದ ಬ್ರೇಕ್ ಪೈಪಿನಿಂದ ಮೇಲೆ ಕೆಳಗೆ ಆಡುವ ಚಕ್ರಕ್ಕೆ ಹೋಗುವುದು ರಬ್ಬರ್ ಹೋಸ್. ಕಂಪನಿ ಕೊಟ್ಟ ಎತ್ತರಕ್ಕೆ ಎಷ್ಟು ಬೇಕೋ ಅಷ್ಟೇ ಅದರ ಉದ್ದ. ಶಾಕಲ್ ಉದ್ದವಾದಾಗ ಗಾಡಿ ನಿಂತಲ್ಲಿ ಎತ್ತರವಾಗುವುದರ ಜೊತೆಗೆ, ಚಕ್ರ ಹೊಂಡಕ್ಕೆ ಇಳಿದಾಗ ಆಕ್ಸಲ್ ಮೊದಲಿಗಿಂತ ಕೆಳಗೆ ಜೋತು ಬೀಳುತ್ತದೆ. ಮನೆ ಮುಂದೆ ಸಮತಟ್ಟಿನಲ್ಲಿ ನೋಡಿದರೆ ಹೋಸ್ ಸಡಿಲವಾಗಿಯೇ ಕಾಣುತ್ತದೆ. ಮಾಂದಲ್‌ಪಟ್ಟಿ ದಾರಿಯಂಥ ಕೊರಕಲಿನಲ್ಲಿ ಒಂದು ಮುಂದಿನ ಚಕ್ರ ಗಾಳಿಯಲ್ಲಿ ತೂಗಿ, ಅದೇ ಹೊತ್ತಿಗೆ ಸ್ಟೇರಿಂಗ್ ಪೂರ್ತಿ ತಿರುಗಿದಾಗ ಅದು ತಂತಿಯಂತೆ ಬಿಗಿಯಾಗುತ್ತದೆ. ಪ್ರತಿ ಎಳೆತವೂ ರಬ್ಬರ್ ಲೋಹಕ್ಕೆ ಸೇರುವ ಜಾಗಕ್ಕೇ ಬೀಳುತ್ತದೆ. ಹೋಸ್ ಹರಿಯುವುದು ಆ ಕೊರಕಲಿನಲ್ಲಲ್ಲ. ಅಲ್ಲಿ ಬಿರುಕು ಬಿಟ್ಟು, ಆಮೇಲೆ ಘಾಟಿಯಲ್ಲಿ ಜೋರಾಗಿ ತುಳಿದಾಗ ಒತ್ತಡ ತಡೆಯದೆ ಹೋಗುತ್ತದೆ. ಅಗಲ ರಿಮ್ ಇದ್ದರೆ ಟೈರಿನ ಒಳಬದಿ ಪೂರ್ತಿ ತಿರುವಿನಲ್ಲಿ ಹೋಸನ್ನು ಉಜ್ಜುವ ಸಾಧ್ಯತೆಯೂ ಸೇರಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಕಾಫಿ ಕಣದ ಸಿಮೆಂಟು ನೆಲ ಇದಕ್ಕೆ ಹೇಳಿ ಮಾಡಿಸಿದ ಜಾಗ. ಚಾಸಿಗೆ ಜಾಕಿ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್ ಪೂರ್ತಿ ಜೋತು ಬೀಳಲಿ. ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಎರಡೂ ಹೋಸ್ ನೋಡಿ. ಕಡಿಮೆಯೆಂದರೂ ಒಂದು ಇಂಚು ಸಡಿಲ ಉಳಿದಿರಬೇಕು. ಹಿಂದಿನ ಆಕ್ಸಲಿನ ನಡುವಿನ ಹೋಸನ್ನೂ ಹಾಗೆಯೇ ನೋಡಿ, ಅದನ್ನು ಮರೆಯುವವರೇ ಹೆಚ್ಚು. ಆಮೇಲೆ ಒಂದು ಬದಿಯ ಚಕ್ರವನ್ನು ಮಾತ್ರ ಜಾಕಿಯಿಂದ ಮೇಲೆತ್ತಿ ಇನ್ನೊಂದು ಬದಿ ಇಳಿದಿರುವಾಗ ನೋಡಿ. ಸಾಲದಿದ್ದರೆ ಅದೇ ಥ್ರೆಡ್ಡಿನ ಉದ್ದ ಹೋಸ್ ಹಾಕಿ. ಚಾಸಿಯ ಬ್ರ್ಯಾಕೆಟ್ ಕೆಳಕ್ಕೆ ಇಳಿಸಿ ಉಕ್ಕಿನ ಪೈಪನ್ನು ಕೈಯಿಂದ ಬಗ್ಗಿಸುವುದು ಬೇಡ, ಹಳೆ ಪೈಪು ತುಕ್ಕು ಹಿಡಿದ ಕಡೆ ಸೀಳುತ್ತದೆ. ಹಳೆ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ, ಬೆರಳಿನಿಂದ ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಎಲ್ಲವನ್ನೂ ಬದಲಿಸಿ.

ಹೋಸ್ ಬಿಚ್ಚಿದ ಮೇಲೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯಬೇಕಲ್ಲ, ಆಗ ಹಳೆ ಆಯಿಲನ್ನೂ ಪೂರ್ತಿ ಬದಲಿಸಿಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕುದಿಯುವುದು ಕಡಿಮೆಯೆಂದರೆ 205 ಡಿಗ್ರಿಗೆ, ತೇವ ಹೀರಿದ ಮೇಲೆ ಅದು 140ರವರೆಗೂ ಇಳಿಯಬಹುದು. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಕಡೆ, ಶೆಡ್ಡಿನ ಮೂಲೆಯಲ್ಲಿ ಮುಚ್ಚಳ ಸಡಿಲವಾಗಿ ಉಳಿದ ಅರ್ಧ ಬಾಟಲಿ ಆಯಿಲ್ ಬಳಸಬೇಡಿ. ಮಾಸ್ಟರ್ ಸಿಲಿಂಡರ್ ಬಲಗಡೆ ಇರುವುದರಿಂದ ಗಾಳಿ ತೆಗೆಯುವ ಕ್ರಮ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಮುಗಿದ ಮೇಲೆ ಎಂಜಿನ್ ಓಡಿಸಿಟ್ಟು ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಜಾರುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ.

ಸಿಂಗಲ್ ಮಾಸ್ಟರ್ ಸಿಲಿಂಡರ್ ಇರುವ ಗಾಡಿಗೆ ಖರ್ಚು ಮಾಡುವುದಿದ್ದರೆ ಮೊದಲ ಖರ್ಚು ಟ್ಯಾಂಡಂ, ಅಂದರೆ ಎರಡು ಸರ್ಕ್ಯೂಟಿನ ಸಿಲಿಂಡರಿಗೆ ಆಗಲಿ. ಮುಂದಿನ, ಹಿಂದಿನ ಸರ್ಕ್ಯೂಟ್ ಬೇರೆಬೇರೆ ಇದ್ದಿದ್ದರೆ ಸಂಪಾಜೆಯಲ್ಲಿ ಹಿಂದಿನ ಎರಡು ಚಕ್ರವಾದರೂ ಹಿಡಿಯುತ್ತಿದ್ದವು. ಮುಂದಕ್ಕೆ ಡಿಸ್ಕ್ ಕೂರಿಸುವ ಆಸೆ ಇದ್ದವರು ಒಂದು ವಿಷಯ ತಿಳಿದಿರಿ. ಡ್ರಮ್ಮಿಗಾಗಿ ಮಾಡಿದ ಮಾಸ್ಟರ್ ಸಿಲಿಂಡರಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುತ್ತದೆ. ಅದನ್ನು ಹಾಗೇ ಬಿಟ್ಟು ಡಿಸ್ಕ್ ಜೋಡಿಸಿದರೆ ಪ್ಯಾಡ್ ಬಿಡುವುದೇ ಇಲ್ಲ, ಹತ್ತು ಕಿಲೋಮೀಟರಿಗೆ ಡಿಸ್ಕ್ ಕಾದು ಹೊಗೆ ಬರುತ್ತದೆ. ಮಾಸ್ಟರ್ ಸಿಲಿಂಡರ್ ಕಾಲಡಿಯ ನೆಲದ ಕೆಳಗಿರುವ ಹಳೆಯ ಮಾಡೆಲಾದರೆ ಇದರ ಉಲ್ಟಾ ತೊಂದರೆ. ವಾಲ್ವ್ ಪೂರ್ತಿ ತೆಗೆದರೆ ಆಯಿಲ್ ಕ್ಯಾಲಿಪರಿನಿಂದ ಕೆಳಕ್ಕೆ ಇಳಿದು, ಮೊದಲ ತುಳಿತ ಖಾಲಿ ಹೋಗುತ್ತದೆ. ಅಲ್ಲಿಗೆ 2 ಪಿಎಸ್ಐಯಷ್ಟು ಮಾತ್ರ ಒತ್ತಡ ಉಳಿಸುವ ವಾಲ್ವ್ ಬೇಕು. ಹಿಂದೆ ಡ್ರಮ್ಮೇ ಉಳಿದರೆ ಹಿಂದಕ್ಕೆ ಹೋಗುವ ಒತ್ತಡ ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಕೂಡ ಬೇಕು, ಇಲ್ಲವಾದರೆ ಒದ್ದೆ ಟಾರಿನಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ.

ಇನ್ನು ಟೈರು. ಹಳೆ ಜೀಪಿನ 6.00-16 ಟೈರಿನ ಎತ್ತರ ಸುಮಾರು 28.5 ಇಂಚು. 31 ಇಂಚಿನದು ಹಾಕಿದರೆ ಸುಮಾರು ಶೇ. 9ರಷ್ಟು ದೊಡ್ಡದು. ಸ್ಪೀಡೋಮೀಟರ್ 40 ತೋರಿಸುವಾಗ ಗಾಡಿ 43-44ರಲ್ಲಿ ಓಡುತ್ತಿರುತ್ತದೆ. ಅದೇನೂ ದೊಡ್ಡ ತೊಂದರೆಯಲ್ಲ. ಅದೇ ಪೆಡಲ್ ಒತ್ತಡಕ್ಕೆ ರಸ್ತೆಯ ಮೇಲೆ ಸಿಗುವ ಬ್ರೇಕಿನ ಬಲವೂ, ಗೇರಿನಲ್ಲಿ ಎಂಜಿನ್ ಹಿಡಿಯುವ ಬಲವೂ ಅಷ್ಟೇ ಪಾಲು ಇಳಿಯುತ್ತವೆ, ತೊಂದರೆ ಇರುವುದು ಅಲ್ಲಿ. ಸಂಪಾಜೆಯೋ ಮಾಕುಟ್ಟವೋ, ಎರಡನೇ ಗೇರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯುತ್ತಿದ್ದ ಗಾಡಿ ಈಗ ಪದೇ ಪದೇ ಪೆಡಲ್ ಕೇಳುತ್ತದೆ. ಡ್ರಮ್ ಕಾಯುತ್ತದೆ, ಆಯಿಲ್ ಕಾಯುತ್ತದೆ, ಹೋಸ್ ಮೇಲೆ ಕೆಲಸ ಹೆಚ್ಚುತ್ತದೆ. ಸರಿಯಾದ ಪರಿಹಾರ ಕ್ರೌನ್ ಪಿನಿಯನ್ (ಆಕ್ಸಲಿನ ಡಿಫರೆನ್ಷಿಯಲ್ ಒಳಗಿನ ಗೇರ್ ಜೋಡಿ) ಬದಲಿಸುವುದು, ಅದೂ ಮುಂದೆ ಹಿಂದೆ ಎರಡೂ ಕಡೆ ಒಂದೇ ರೇಷಿಯೋ. ಆ ಖರ್ಚು ಕೇಳಿದ ಮೇಲೆ ಬಹಳ ಮಂದಿ 31 ಇಂಚಿನ ಆಸೆ ಬಿಡುತ್ತಾರೆ. ಬಿಡುವುದು ಒಳ್ಳೆಯದೇ.

ಎರಡೇ ಹೊಸ ಟೈರ್ ತಂದು ಹಿಂದೆ ಹಾಕಿ, ಮುಂದೆ ಹಳೆಯದನ್ನೇ ಉಳಿಸುವುದು ಇನ್ನೂ ಕೆಟ್ಟದ್ದು. ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ, ಹಿಂದಿನ ಶಾಫ್ಟ್ ಬೇರೆಬೇರೆ ವೇಗದಲ್ಲಿ ತಿರುಗಲು ನೋಡುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಆ ಬಿಗಿ ಬಿಡುತ್ತದೆ, ಗಟ್ಟಿ ನೆಲದಲ್ಲಿ ಬಿಡುವುದಿಲ್ಲ. ಶಾಫ್ಟಿನ ಕೀಲಾದ ಯುಜೆ ಕ್ರಾಸ್, ಇಲ್ಲವೇ ಎಂಜಿನ್ ಬಲವನ್ನು ಮುಂದೆ ಹಿಂದೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಗೇರ್ ಮುರಿಯುತ್ತದೆ. ನಾಲ್ಕೂ ಒಂದೇ ಅಳತೆ, ಒಂದೇ ಸವೆತ ಇರಲಿ.

ಆ ಜೀಪಿನ ಸ್ಟೇರಿಂಗ್ ಒದರಿದ್ದಕ್ಕೂ ಶಾಕಲ್ಲೇ ಮೂಲ. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವಂತೆ ಜೀಪಿನ ಕಿಂಗ್‌ಪಿನ್ನಿನ (ಮುಂದಿನ ಚಕ್ರ ಎಡಬಲ ತಿರುಗುವ ಅಚ್ಚು) ಮೇಲ್ತುದಿಯೂ ಹಿಂದಕ್ಕೆ ವಾಲಿರುತ್ತದೆ. ಅದೇ ಕ್ಯಾಸ್ಟರ್, ಗಾಡಿಯನ್ನು ನೇರ ಓಡಿಸುವುದು ಅದು. ಹಳೆ ಜೀಪಿನಲ್ಲಿ ಮುಂದಿನ ಪ್ಲೇಟ್ ಸ್ಪ್ರಿಂಗಿನ ಶಾಕಲ್ ಇರುವುದು ಮುಂತುದಿಯಲ್ಲಿ, ಹಿಂತುದಿ ಪಿನ್ನಿನಲ್ಲಿ ಕೂತಿರುತ್ತದೆ. ಶಾಕಲ್ ಉದ್ದವಾದರೆ ಮುಂತುದಿ ಮಾತ್ರ ಕೆಳಗಿಳಿದು, ಪ್ಲೇಟಿಗೆ ಬಿಗಿದ ಆಕ್ಸಲ್ ಇಡಿಯಾಗಿ ಮುಂದಕ್ಕೆ ವಾಲುತ್ತದೆ. ಸುಮಾರು 36 ಇಂಚಿನ ಪ್ಲೇಟಿನ ಒಂದು ತುದಿ 2 ಇಂಚು ಇಳಿದರೆ ವಾಲುವುದು ಹೆಚ್ಚುಕಡಿಮೆ 3 ಡಿಗ್ರಿ. ಈ ಗಾಡಿಗಳ ಮೂಲ ಕ್ಯಾಸ್ಟರೇ 3 ಡಿಗ್ರಿ ಆಸುಪಾಸು. ಉಳಿಯುವುದು ಸೊನ್ನೆ.

ಕ್ಯಾಸ್ಟರ್ ಸೊನ್ನೆಯಾದ ಗಾಡಿ ತಿರುವಿನ ನಂತರ ಸ್ಟೇರಿಂಗನ್ನು ತಾನಾಗಿ ನೇರಕ್ಕೆ ತರುವುದಿಲ್ಲ, ಸಣ್ಣ ಗುಂಡಿ ಸಿಕ್ಕರೂ ಮುಂದಿನ ಚಕ್ರಗಳು ಪಟಪಟ ಬಡಿದುಕೊಳ್ಳುತ್ತವೆ. ಇದಕ್ಕೆ ಡ್ಯಾಂಪರ್ ಮದ್ದಲ್ಲ, ಅದು ರೋಗವನ್ನು ಮುಚ್ಚಿಡುತ್ತದೆ. ಮೊದಲು ಚಕ್ರದ ಬ್ಯಾಲೆನ್ಸ್, ಆಮೇಲೆ ಕಿಂಗ್‌ಪಿನ್ ಬೇರಿಂಗ್, ಟೈ ರಾಡ್ ಎಂಡ್, ಬೆಲ್ ಕ್ರ್ಯಾಂಕ್ ಇದ್ದರೆ ಅದರ ಬುಷ್, ಕೊನೆಗೆ ಕ್ಯಾಸ್ಟರ್, ಈ ಕ್ರಮದಲ್ಲಿ ನೋಡಿ. ಕ್ಯಾಸ್ಟರ್ ಸರಿಪಡಿಸಲು ಪ್ಲೇಟಿಗೂ ಆಕ್ಸಲ್ ಪ್ಯಾಡಿಗೂ ನಡುವೆ ಓರೆ ಪ್ಯಾಕಿಂಗ್ ಕೂರಿಸಬೇಕು. ಅದು ಉಕ್ಕಿನದ್ದೇ ಆಗಲಿ, ಅಲ್ಯೂಮಿನಿಯಂ ಭಾರಕ್ಕೆ ಜಜ್ಜಿ ಯು ಬೋಲ್ಟ್ ಸಡಿಲಾಗುತ್ತದೆ. ಪ್ಯಾಕಿಂಗ್ ಕೊಟ್ಟಾಗ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿಗೆ ಪೂರ್ತಿ ಇಳಿಯುವುದಿಲ್ಲ, ಉದ್ದದ ಬೋಲ್ಟ್ ಹಾಕಿ. ದಪ್ಪ ಬದಿ ಉಲ್ಟಾ ಕೂತರೆ ಕ್ಯಾಸ್ಟರ್ ಇನ್ನೂ ಕೆಡುತ್ತದೆ, ಆ್ಯಂಗಲ್ ಗೇಜಿನಲ್ಲಿ ಮುಂಚೆ, ನಂತರ ಎರಡೂ ಸಲ ಅಳೆಯಿರಿ. ಆಕ್ಸಲ್ ತಿರುಗಿದಾಗ ಪಿನಿಯನ್ನಿನ ಮೂತಿಯೂ ತಿರುಗುತ್ತದೆ ಎಂಬುದು ನೆನಪಿರಲಿ. ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಎಲ್ಲೂ ತಾಗದೆ ಆಡುತ್ತದೆಯೇ, ಆಕ್ಸಲ್ ಪೂರ್ತಿ ಜೋತಾಗ ಜಾರುವ ಸ್ಪ್ಲೈನ್ ತನ್ನ ವ್ಯಾಸದಷ್ಟು ಉದ್ದವಾದರೂ ಒಳಗೆ ಉಳಿದಿದೆಯೇ ನೋಡಿ. ಬಿಚ್ಚಿದ ಶಾಫ್ಟನ್ನು ಮತ್ತೆ ಸೇರಿಸುವಾಗ ಎರಡೂ ತುದಿಯ ಯೋಕ್ ಒಂದೇ ಸಾಲಿನಲ್ಲಿರಬೇಕು. ಬಿಚ್ಚುವ ಮೊದಲೇ ಸುಣ್ಣದಿಂದಲೋ ಪೇಂಟಿನಿಂದಲೋ ಗುರುತು ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಿ ಸಿಗುವುದೇನು? 2 ಇಂಚಿನ ಶಾಕಲ್ ಗಾಡಿಯನ್ನು ಎತ್ತುವುದು 1 ಇಂಚು ಮಾತ್ರ, ಪ್ಲೇಟಿನ ಒಂದೇ ತುದಿ ಇಳಿಯುತ್ತದಲ್ಲ. ಅದರಲ್ಲೂ ಮೇಲೇಳುವುದು ಬಾಡಿ. ಡಿಫರೆನ್ಷಿಯಲ್ ಹೌಸಿಂಗ್ ನೆಲದಿಂದ ಮೊದಲಿದ್ದಷ್ಟೇ ಎತ್ತರದಲ್ಲಿರುತ್ತದೆ. ತೋಟದ ದಾರಿಯಲ್ಲಿ, ಎರಡು ಚಕ್ರದ ಜಾಡಿನ ನಡುವಿನ ದಿಬ್ಬಕ್ಕೆ ಬಡಿಯುವುದು ಆ ಹೌಸಿಂಗೇ. ಅದನ್ನು ಎತ್ತುವುದು ಟೈರು ಮಾತ್ರ, ಅದೂ 31 ಇಂಚಿನದಾದರೆ 1.25 ಇಂಚು. ಗೊಬ್ಬರ, ಕಾಫಿ ಚೀಲ, ಕೆಲಸದವರನ್ನು ಹೊತ್ತು ಓಡಾಡುವ ಜೀಪಿಗೆ ನಮ್ಮ ಸಲಹೆ ಇಷ್ಟೇ: ಮೂಲ ಅಳತೆಯ ಮಡ್ ಟೈರ್ ನಾಲ್ಕು, ಕುಗ್ಗಿದ ಪ್ಲೇಟಿನ ಬದಲು ಹೊಸ ಸೆಟ್, ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್. ಹಳೆ ಪ್ಲೇಟ್ ಕುಗ್ಗಿದ್ದರಿಂದ ಕಳೆದುಹೋದ ಎತ್ತರ ಇಷ್ಟರಲ್ಲೇ ವಾಪಸ್ ಬರುತ್ತದೆ, ಕ್ಯಾಸ್ಟರ್ ಕೆಡುವುದಿಲ್ಲ.

ಪ್ಲೇಟ್ ಬಿಚ್ಚಿದವರು ಹಳೆ ಯು ಬೋಲ್ಟನ್ನೇ ಮತ್ತೆ ಬಿಗಿಯಬೇಡಿ. ಒಮ್ಮೆ ಬಿಗಿದ ಬೋಲ್ಟಿನ ಥ್ರೆಡ್ ಎಳೆದಿರುತ್ತದೆ, ಎರಡನೇ ಸಲ ಬಿಗಿ ನಿಲ್ಲುವುದಿಲ್ಲ. ಯು ಬೋಲ್ಟ್ ಸಡಿಲಾದರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ. ನಾಲ್ಕು ನಟ್ಟನ್ನು ಅಡ್ಡಡ್ಡ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಕೆಲಸ ಮಾಡುವವರ ಜೀವಕ್ಕೇ ಸಂಬಂಧಿಸಿದ ಮಾತೊಂದಿದೆ. ಅನೇಕ ಹಳೆ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದ ಮೇಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಎತ್ತಿದರೆ ಡಿಫರೆನ್ಷಿಯಲ್ ಮೂಲಕ ಇನ್ನೊಂದು ಚಕ್ರ ಉರುಳಲು ಸ್ವತಂತ್ರ. ಶಾಫ್ಟ್ ಬಿಚ್ಚಿದರಂತೂ ಹ್ಯಾಂಡ್ ಬ್ರೇಕೂ ಇಲ್ಲ, ಗೇರಿನಲ್ಲಿ ನಿಲ್ಲಿಸಿದ್ದೂ ಲೆಕ್ಕಕ್ಕಿಲ್ಲ. ಇಳಿಜಾರಿನ ಅಂಗಳದಲ್ಲಿ ಗಾಡಿ ನಿಮ್ಮ ಮೇಲೇ ಇಳಿಯುತ್ತದೆ. ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಕಡೆ ಮರದ ತುಂಡಿನ ತಡೆ ಕೊಡಿ. ಜಂಬಿಟ್ಟಿಗೆ ಕಲ್ಲು ಜೋಡಿಸಿ ಅದರ ಮೇಲೆ ಚಾಸಿ ಕೂರಿಸುವ ಅಭ್ಯಾಸ ಬಿಡಿ, ಮಳೆ ಕುಡಿದ ಕಲ್ಲು ಹೇಳದೆ ಕೇಳದೆ ಪುಡಿಯಾಗುತ್ತದೆ. ಮಣ್ಣಿನ ನೆಲವಾದರೆ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಇರಲಿ. ಕೆಲವು ಹಳೆ ಗಾಡಿಗಳ ಎಡಬದಿಯ ಚಕ್ರದ ನಟ್ಟು ಉಲ್ಟಾ ಥ್ರೆಡ್ಡಿನದು. ಸಡಿಲಾಗಲಿಲ್ಲ ಎಂದು ಪೈಪ್ ಹಾಕಿ ತಿರುಚುವ ಮೊದಲು ಸ್ಟಡ್ಡಿನ ತುದಿ ನೋಡಿ.

ಕಾಗದಪತ್ರದ ಕಡೆಯೂ ತೊಂದರೆ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. 15 ವರ್ಷ ದಾಟಿದ ಖಾಸಗಿ ಗಾಡಿಗೆ ನೋಂದಣಿ ನವೀಕರಣ 5 ವರ್ಷಕ್ಕೊಮ್ಮೆ, ಪ್ರತಿ ಸಲವೂ ತಪಾಸಣೆ. ಟೈರ್ ಮಡ್‌ಗಾರ್ಡಿನಿಂದ ಹೊರಗೆ ಚಾಚಿದ್ದರೆ ಅಲ್ಲೇ ನಿಲ್ಲಿಸುತ್ತಾರೆ, ಅಪಘಾತವಾದರೆ ವಿಮೆಯವರೂ ಅದನ್ನೇ ಎತ್ತುತ್ತಾರೆ.

ಈಗಾಗಲೇ ಎತ್ತರಿಸಿ ಓಡಿಸುತ್ತಿರುವವರು ನಾಳೆ ಬೆಳಿಗ್ಗೆಯೇ ಆಕ್ಸಲ್ ಜೋತು ಬಿಟ್ಟು ಹೋಸ್ ನೋಡಿ. ಹೊಸದಾಗಿ ಕೆಲಸ ಮುಗಿಸಿದವರು ಮೊದಲು ಖಾಲಿ ಗಾಡಿಯನ್ನು ಗೋಣಿಕೊಪ್ಪ, ಕುಶಾಲನಗರದಂಥ ಸಮತಟ್ಟು ರಸ್ತೆಯಲ್ಲಿ ಓಡಿಸಿ. 50 ಕಿಲೋಮೀಟರಿಗೆ ಒಮ್ಮೆ, 200ಕ್ಕೆ ಇನ್ನೊಮ್ಮೆ ಯು ಬೋಲ್ಟ್, ಚಕ್ರದ ನಟ್ಟು, ಶಾಕಲ್ ಪಿನ್ ಬಿಗಿ ನೋಡಿ. ಕೈಯಲ್ಲಿ ಟಾರ್ಚ್ ಹಿಡಿದು ಪ್ರತಿ ಹೋಸಿನ ಎರಡೂ ತುದಿಯನ್ನು ಬೆರಳಿನಿಂದ ಒರೆಸಿ. ಬೆರಳಿಗೆ ಆಯಿಲಿನ ಪಸೆ ಹತ್ತಿದರೆ ಗಾಡಿ ಅಲ್ಲೇ ನಿಲ್ಲಲಿ, ಮೆಕ್ಯಾನಿಕ್ಕನ್ನು ಅಲ್ಲಿಗೇ ಕರೆಸಿ.