ಹೆಡ್‌ಲೈಟ್ ತಗ್ಗಿತ್ತು, ತೊಂದರೆ ಹಿಂದಿನ ಚಕ್ರದ ಹತ್ತಿರ ಇತ್ತು

ನಮ್ಮದು ಎಲ್‌ಇಡಿ ಹೆಡ್‌ಲೈಟ್ ಇರುವ ಹೈಬ್ರಿಡ್ ಸೆಡಾನ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ದೊಡ್ಡ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಕಾರು. ಇರುವುದು ಉಡುಪಿಯಲ್ಲಿ. ಹೆದ್ದಾರಿ 66ರಲ್ಲಿ ಕುಂದಾಪುರ, ಮಂಗಳೂರು ಅಂತ ಓಡಾಟ, ಆಗಾಗ ಶಿರಾಡಿ ಘಾಟಿ ಹತ್ತಿ ಬೆಂಗಳೂರು. ಹಲವು ಮಳೆಗಾಲ ಕಂಡಿದೆ. ಹೈಬ್ರಿಡ್ ಕಾರಿನ ಮೈಲೇಜ್ ಬಗ್ಗೆ, ದೊಡ್ಡ ಬ್ಯಾಟರಿಯ ಬಾಳಿಕೆ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಹೆಡ್‌ಲೈಟಿನ ಆಟೋ ಲೆವೆಲಿಂಗ್, ಅಂದರೆ ಕಾರಿನ ಭಾರಕ್ಕೆ ತಕ್ಕಂತೆ ಬೆಳಕಿನ ಎತ್ತರವನ್ನು ತಾನೇ ಸರಿಮಾಡುವ ವ್ಯವಸ್ಥೆಯ ಬಗ್ಗೆ ಕನ್ನಡದಲ್ಲಿ ನನಗೆ ಏನೂ ಸಿಗಲಿಲ್ಲ. ಹಾಗಾಗಿ ಈ ವಿಮರ್ಶೆ ಅದೊಂದರ ಬಗ್ಗೆಯೇ.

ಸಾಮಾನ್ಯ ಕಾರುಗಳಲ್ಲಿ ಸ್ಟೇರಿಂಗ್ ಪಕ್ಕ 0, 1, 2, 3 ಎಂದು ಬರೆದ ಸಣ್ಣ ತಿರುಗುಗುಂಡಿ ಇರುತ್ತದೆ. ಹಿಂದೆ ಭಾರ ಜಾಸ್ತಿ ಆದಾಗ ನಾವೇ ಅದನ್ನು ತಿರುಗಿಸಿ ಬೆಳಕು ತಗ್ಗಿಸಬೇಕು. ನನಗೆ ತಿಳಿದವರಲ್ಲಿ ಅದನ್ನು ಮುಟ್ಟಿದವರೇ ಕಡಿಮೆ. ನಮ್ಮ ಕಾರಿನಲ್ಲಿ ಆ ಗುಂಡಿ ಇಲ್ಲ. ಹಿಂದಿನ ಚಕ್ರದ ಸಸ್ಪೆನ್ಷನ್ ಪಕ್ಕ, ಕಾರಿನ ಹಿಂಭಾಗ ಎಷ್ಟು ಎತ್ತರದಲ್ಲಿದೆ ಅಂತ ಅಳೆಯುವ ಒಂದು ಹೈಟ್ ಸೆನ್ಸರ್ ಇದೆ. ಅದಕ್ಕೊಂದು ಪುಟ್ಟ ತೋಳು. ಆ ತೋಳಿನಿಂದ ಸಸ್ಪೆನ್ಷನ್ ಆರ್ಮ್‌ಗೆ ಒಂದು ಕಡ್ಡಿ, ಎರಡೂ ತುದಿಯಲ್ಲಿ ಸಣ್ಣ ಬಾಲ್ ಜಾಯಿಂಟ್, ಅಂದರೆ ಎಲ್ಲ ಕಡೆಗೂ ತಿರುಗುವ ಗುಂಡು ಕೀಲು. ಕಾರಿನ ಹಿಂಭಾಗ ಕುಸಿದರೆ ಕಡ್ಡಿ ತೋಳನ್ನು ತಳ್ಳುತ್ತದೆ, ಸೆನ್ಸರಿನ ವೋಲ್ಟೇಜ್ ಬದಲಾಗುತ್ತದೆ, ಕಂಟ್ರೋಲ್ ಯೂನಿಟ್ ಲೆಕ್ಕ ಹಾಕಿ ಎರಡೂ ಹೆಡ್‌ಲೈಟಿನ ಒಳಗಿರುವ ಪುಟ್ಟ ಮೋಟಾರ್‌ಗಳನ್ನು ತಿರುಗಿಸುತ್ತದೆ. ಎಲ್ಲ ಸರಿ ಇದ್ದಷ್ಟು ದಿನ ಇದು ಅದ್ಭುತ. ಹಿಂದೆ ಮೂವರು ಕೂತು, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ತೆಂಗಿನಕಾಯಿ ತುಂಬಿಕೊಂಡು ಹೊರಟರೂ ಎದುರಿನವರು ಒಮ್ಮೆಯೂ ಡಿಮ್ ಮಾಡಿ ಅಂತ ಲೈಟ್ ಹೊಡೆಯುತ್ತಿರಲಿಲ್ಲ.

ಇದು ಸಣ್ಣ ಸೌಕರ್ಯ ಅಂತ ಅನ್ನಿಸಬಹುದು. ಲೆಕ್ಕ ನೋಡಿ. ಚಕ್ರದಿಂದ ಚಕ್ರಕ್ಕೆ 2.8 ಮೀಟರ್ ಇರುವ ಕಾರಿನ ಹಿಂಭಾಗ ಬರೀ 5 ಸೆಂಟಿಮೀಟರ್ ಕುಸಿದರೆ ಬೆಳಕು ಸುಮಾರು ಒಂದು ಡಿಗ್ರಿ ಮೇಲೇಳುತ್ತದೆ. ಒಂದು ಡಿಗ್ರಿ ಅಂದರೆ 50 ಮೀಟರ್ ದೂರದಲ್ಲಿ 87 ಸೆಂಟಿಮೀಟರ್ ಎತ್ತರದ ವ್ಯತ್ಯಾಸ. ಎದುರಿನ ಬೈಕ್ ಸವಾರನ ಕಣ್ಣಿಗೆ ನೇರ. ಘಾಟಿಯ ತಿರುವಿನಲ್ಲಿ, ಮಳೆಯಲ್ಲಿ, ಆತ ಎರಡು ಸೆಕೆಂಡ್ ಏನೂ ಕಾಣದೆ ಓಡಿಸಬೇಕು. ನನಗೆ ಇದು ಏರ್‌ಬ್ಯಾಗ್, ಎಬಿಎಸ್ ಸಾಲಿಗೇ ಸೇರುವ ವಿಷಯ.

ನಮ್ಮ ಕಾರಿನಲ್ಲಿ ತೊಂದರೆ ಶುರುವಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ, ಹೆಡ್‌ಲೈಟ್ ಚಿತ್ರ, ಪಕ್ಕದಲ್ಲಿ ಮೇಲೆ ಕೆಳಗೆ ಬಾಣ. ಮೊದಮೊದಲು ಬಂದು ಹೋಗುತ್ತಿತ್ತು, ಆಮೇಲೆ ಅಲ್ಲೇ ಉಳಿಯಿತು. ಬೆಳಕು ಬಂಪರ್ ಮುಂದೆಯೇ ಬಿದ್ದಂತೆ ತಗ್ಗಿಬಿಟ್ಟಿತು. ನೆಲದಿಂದ 65 ಸೆಂಟಿಮೀಟರ್ ಎತ್ತರದ ಲೈಟ್ ಶೇಕಡಾ 1ರಷ್ಟು, ಅಂದರೆ 100 ಮೀಟರಿಗೆ 1 ಮೀಟರ್, ತಗ್ಗಿದ್ದರೆ ಬೆಳಕಿನ ಅಂಚು 65 ಮೀಟರ್ ದೂರ ಮುಟ್ಟುತ್ತದೆ. ಶೇಕಡಾ 3 ತಗ್ಗಿದರೆ ಬರೀ 22 ಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಒಂದೂಕಾಲು ಸೆಕೆಂಡಿನ ಹಾದಿ. ದನ ಅಡ್ಡ ಬಂದರೆ ಬ್ರೇಕಿಗೆ ಕಾಲು ಹೋಗುವಷ್ಟರಲ್ಲಿ ಮುಗಿದಿರುತ್ತದೆ. ದುರಸ್ತಿ ಆಗುವ ತನಕ ರಾತ್ರಿ ಹೆದ್ದಾರಿಗೆ ಇಳಿಯಲಿಲ್ಲ.

ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರು. ಹೈಟ್ ಸೆನ್ಸರ್ ಸಿಗ್ನಲ್ ಸರಿಯಿಲ್ಲ ಎಂಬ ಕೋಡ್ ಬಂತು. ಅಷ್ಟರ ಮೇಲೆ ಎಸ್ಟಿಮೇಟ್: ಸೆನ್ಸರ್ ಬದಲಿಸಬೇಕು, ಅದರಲ್ಲೂ ಸರಿ ಹೋಗದಿದ್ದರೆ ಕಂಟ್ರೋಲ್ ಯೂನಿಟ್, ಅದೂ ಅಲ್ಲದಿದ್ದರೆ ಹೆಡ್‌ಲೈಟ್ ಅಸೆಂಬ್ಲಿ. ಕಾರಿನ ಅಡಿ ಯಾರೂ ಇಣುಕಲಿಲ್ಲ. ಸಿಗ್ನಲ್ ಕೆಟ್ಟಿದೆ ಅಂತ ಕೋಡ್ ಹೇಳುತ್ತದೆ. ಅದು ಸೆನ್ಸರಿನಿಂದಲೋ, ವೈರಿನಿಂದಲೋ, ಕಡ್ಡಿಯಿಂದಲೋ ಅಂತ ಹೇಳುವುದಿಲ್ಲ. ಅದನ್ನು ನೋಡಬೇಕಾದದ್ದು ಮನುಷ್ಯ. ಈ ಸೇವೆಗೆ ನಾನು ಒಳ್ಳೆಯ ಅಂಕ ಕೊಡಲಾರೆ.

ಕಾರನ್ನು ವಾಪಸ್ ತಂದು ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಬಳಿ ಹೋದೆ. ಕೋಡ್ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: "ಲೈಟಿಗೆ ಏನೂ ಆಗ್ಲಿಲ್ಲ ಮಾರಾಯ್ರೆ. ಮೊದ್ಲು ಬ್ಯಾಟರಿ ನೋಡುವ, ಆಮೇಲೆ ಅಡಿಗೆ ಹೋಗುವ."

ಬ್ಯಾಟರಿ ಅಂದದ್ದು ದೊಡ್ಡದಲ್ಲ, 12 ವೋಲ್ಟಿನದ್ದು. ಹೈಬ್ರಿಡ್ ಇಟ್ಟುಕೊಂಡವರು ಇದನ್ನು ಗಮನಿಸಬೇಕು. ಪೆಟ್ರೋಲ್ ಕಾರಿನ ಬ್ಯಾಟರಿ ಸೋತರೆ ಸ್ಟಾರ್ಟರ್ ಎಳೆಯುವುದಿಲ್ಲ, ಬೆಳಗ್ಗೆಯೇ ಗೊತ್ತಾಗುತ್ತದೆ. ನಮ್ಮಂಥ ಹೈಬ್ರಿಡ್‌ನಲ್ಲಿ ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿಯ ಕೆಲಸ. 12 ವೋಲ್ಟಿನದ್ದು ಕಂಪ್ಯೂಟರ್‌ಗಳನ್ನು ಎಬ್ಬಿಸಿ ರಿಲೇ ಹಾಕಿದರೆ ಸಾಕು. ಹಾಗಾಗಿ ಅದು ಅರ್ಧ ಸತ್ತಿದ್ದರೂ ಕಾರು ಹೊರಡುತ್ತದೆ, ನಡುವೆ ಸಂಬಂಧವೇ ಇಲ್ಲದ ಎಚ್ಚರಿಕೆ ದೀಪಗಳು ಹತ್ತುತ್ತವೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಹತ್ತಿರ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಅರ್ಧ. ಕಾರು ಹೊರಡಲು ಸಿದ್ಧ ಅಂತ ತೋರಿಸುವ ರೆಡಿ ದೀಪ ಹತ್ತಿದ ಮೇಲೆ 14ರ ಆಸುಪಾಸು ಬರಬೇಕು. ನಮ್ಮದು ಎರಡರಲ್ಲೂ ಸರಿ ಇತ್ತು. ಒಂದು ಮಲ್ಟಿಮೀಟರಿನಿಂದ ಒಂದು ಅನುಮಾನ ಮುಗಿಯಿತು.

ಆಮೇಲೆ, ಕಾರಿನ ಅಡಿ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿದ ಗುಂಡಿಯ ಮೇಲೆ ಕಾರು. ಜಾಕ್ ಹಾಕದೆ ಗುಂಡಿಯ ಮೇಲೆ ನಿಲ್ಲಿಸಿದ್ದಕ್ಕೆ ಕಾರಣ ಇದೆ. ಜಾಕ್ ಎತ್ತಿದರೆ ಚಕ್ರ ಜೋತು ಬೀಳುತ್ತದೆ, ಕಡ್ಡಿ ನಿಜವಾಗಿ ಎಲ್ಲಿ ನಿಂತಿದೆ ಅಂತ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ಹೈಬ್ರಿಡ್ ರೆಡಿ ಸ್ಥಿತಿಯಲ್ಲಿದ್ದರೆ ಎಂಜಿನ್ ಯಾವ ಗಳಿಗೆಯಲ್ಲಾದರೂ ತಾನೇ ಸ್ಟಾರ್ಟ್ ಆಗಬಹುದು. ಅಡಿಯಲ್ಲಿ ಜನ ಇದ್ದಾಗ ಹಾಗೆ ಬಿಡಲೇಬಾರದು. ನಮ್ಮ ಕಾರಿನಲ್ಲಿ ಬ್ರೇಕ್ ಒತ್ತದೆ ಪವರ್ ಬಟನ್ ಎರಡು ಸಲ ಒತ್ತಿದರೆ ಕರೆಂಟ್ ಮಾತ್ರ ಆನ್ ಆಗುತ್ತದೆ, ರೆಡಿ ಆಗುವುದಿಲ್ಲ. ಪರೀಕ್ಷೆಗೆ ಅಷ್ಟೇ ಸಾಕು. ಕಿತ್ತಳೆ ಬಣ್ಣದ ಕೇಬಲ್‌ಗಳ ತಂಟೆಗೆ ಹೋಗುವ ಹಾಗೇ ಇಲ್ಲ. ಅದರಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಲೆವೆಲಿಂಗ್ ಕೆಲಸಕ್ಕೆ ಅದನ್ನು ಮುಟ್ಟುವ ಅಗತ್ಯವೂ ಇಲ್ಲ.

ಕೆಳಗೆ ನೋಡಿದರೆ ಉತ್ತರ ಕಣ್ಣೆದುರೇ ಇತ್ತು. ಕೆಂಪು ಮಣ್ಣು ಮೆತ್ತಿಕೊಂಡ ಕಡ್ಡಿ. ಮೇಲಿನ ಬಾಲ್ ಜಾಯಿಂಟಿನ ರಬ್ಬರ್ ಹರಿದು, ಒಳಗೆ ತುಕ್ಕು ಹಿಡಿದು, ಕಲ್ಲಿನಂತೆ ಬಿಗಿದಿತ್ತು. ಜಾಯಿಂಟ್ ತಿರುಗದ್ದಕ್ಕೆ ಪ್ರತಿ ಹೊಂಡಕ್ಕೂ ಸೆನ್ಸರಿನ ತೋಳೇ ಬಾಗಿ, ತನ್ನ ಮಿತಿ ದಾಟಿ ನಿಂತಿತ್ತು. ಹಿಂದಿನ ಚಕ್ರ ಎರಚುವ ನೀರೆಲ್ಲ ಬೀಳುವುದು ಅಲ್ಲಿಗೇ. ನಮ್ಮ ಕರಾವಳಿಯ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ ಸೇರಿದರೆ ಕಬ್ಬಿಣದ ಬಾಲ್ ಎಷ್ಟು ದಿನ ಬಾಳೀತು?

ನಂತರ ಮಾಡಿದ ಪರೀಕ್ಷೆ ಎಲ್ಲರಿಗೂ ಉಪಯೋಗ. ಕಡ್ಡಿ ಬಿಚ್ಚಿ, ತೋಳನ್ನು ಮೆಲ್ಲ ಸರಿ ಮಾಡಿ, ಲೋ ಬೀಮ್ (ಡಿಮ್ ಲೈಟ್) ಹಾಕಿ ಅವರು ತೋಳನ್ನು ಕೈಯಲ್ಲೇ ಮೇಲೆ ಕೆಳಗೆ ಆಡಿಸಿದರು. ಸೆನ್ಸರಿಗೆ ಬರುವ ಕರೆಂಟ್ 5 ವೋಲ್ಟ್ ಇತ್ತು. ಸಿಗ್ನಲ್ ವೈರಿನಲ್ಲಿ ವೋಲ್ಟೇಜ್ ಎಲ್ಲೂ ಹಾರದೆ ಏರಿಳಿಯಿತು, ನಡುವಿನಲ್ಲಿ ಎರಡೂವರೆ ಹತ್ತಿರ. ನಾನು ಮುಂದೆ ಗೋಡೆ ನೋಡುತ್ತಾ ನಿಂತಿದ್ದೆ. ಸ್ವಲ್ಪ ತಡವಾಗಿ ಎರಡೂ ಕಡೆಯ ಬೆಳಕು ಒಟ್ಟಿಗೆ ಏರಿತು, ಒಟ್ಟಿಗೆ ಇಳಿಯಿತು. ಅಲ್ಲಿಗೆ ಸೆನ್ಸರ್ ಸರಿ, ವೈರ್ ಸರಿ, ಯೂನಿಟ್ ಸರಿ, ಮೋಟಾರ್ ಸರಿ. ಎಸ್ಟಿಮೇಟಿನಲ್ಲಿ ಇದ್ದ ಒಂದು ಭಾಗವೂ ಕೆಟ್ಟಿರಲಿಲ್ಲ! ಒಂದು ಕಡೆಯ ಲೈಟ್ ಮಾತ್ರ ಅಲ್ಲಾಡದಿದ್ದರೆ ಆ ಕಡೆಯ ಮೋಟಾರ್ ಅಥವಾ ವೈರ್ ಜೋಡಿಸುವ ಕಪ್ಲರ್ ನೋಡಬೇಕು. ಎರಡೂ ಅಲ್ಲಾಡದಿದ್ದರೆ ಸೆನ್ಸರಿನಿಂದ ಶುರು ಮಾಡಬೇಕು.

ಹೊಸ ಕಡ್ಡಿ ಬೇರೆಯಾಗಿ ಸಿಗುತ್ತದೆ. ಬೆಲೆ ಸೆನ್ಸರಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಹೊರಗಿನ ಕಂಪನಿಯದ್ದು ಹಾಕುವುದಾದರೆ ಬಾಲಿನ ನಡುವಿನಿಂದ ಬಾಲಿನ ನಡುವಿಗೆ ಅಳತೆ ಹಳೆಯದರಷ್ಟೇ ಇರಬೇಕು. ಅಳತೆ ತಪ್ಪಿದರೆ ಕಾರು ಕುಸಿದಿದೆ ಅಥವಾ ಎದ್ದಿದೆ ಅಂತ ಸೆನ್ಸರ್ ತಪ್ಪಾಗಿ ತಿಳಿಯುತ್ತದೆ. ಕಡ್ಡಿ ಹಾಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸಮತಟ್ಟು ನೆಲದಲ್ಲಿ, ಖಾಲಿ ಕಾರಿನಲ್ಲಿ, ಟಯರ್ ಗಾಳಿ ಸರಿ ಮಾಡಿ ಸ್ಕ್ಯಾನರಿನಿಂದ ಝೀರೋ ಪಾಯಿಂಟ್ ಕೂರಿಸಬೇಕು, ಅಂದರೆ ಖಾಲಿ ಕಾರಿನ ಸರಿಯಾದ ಎತ್ತರ ಇದು ಅಂತ ಕಂಟ್ರೋಲ್ ಯೂನಿಟ್‌ಗೆ ತಿಳಿಸಬೇಕು. ಇದನ್ನು ಬಿಟ್ಟರೆ ಹಳದಿ ದೀಪ ಆರಿದರೂ ಬೆಳಕು ತಪ್ಪು ಎತ್ತರದಲ್ಲೇ ಇರುತ್ತದೆ. ಕಾರಿಗೆ ಚುಚ್ಚಿ ಫೋನಿನಲ್ಲಿ ಕೋಡ್ ಓದುವ ಅಗ್ಗದ ಬ್ಲೂಟೂತ್ ಓಬಿಡಿ ರೀಡರ್‌ಗಳಲ್ಲಿ ಇದು ಸಾಮಾನ್ಯವಾಗಿ ಆಗುವುದಿಲ್ಲ. ಅವು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಲೈಟಿನಂಥ ಬಾಡಿ ಸಿಸ್ಟಂಗಳಿಗೆ ಹೋಗಬಲ್ಲ ಸ್ಕ್ಯಾನರ್ ಬೇಕು. ನಮ್ಮ ಎಲೆಕ್ಟ್ರಿಷಿಯನ್ ಬಳಿ ಇತ್ತು.

ಕೊನೆಗೆ ಗೋಡೆಯ ಮೇಲೆ ಅಳೆದೆವು. ಲೈಟಿನ ನಡುವಿನ ಎತ್ತರಕ್ಕೆ ಗೋಡೆಯಲ್ಲಿ ಟೇಪ್ ಅಂಟಿಸಿ, ಕಾರನ್ನು 10 ಮೀಟರ್ ಹಿಂದೆ ನಿಲ್ಲಿಸಿದರೆ, ಲೋ ಬೀಮಿನ ಅಂಚು ಟೇಪಿಗಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಬೀಳಬೇಕು. ಲೈಟ್ ನೆಲದಿಂದ 80 ಸೆಂಟಿಮೀಟರಿಗಿಂತ ಕೆಳಗಿರುವ ಕಾರುಗಳಿಗೆ ವಿಶ್ವಸಂಸ್ಥೆಯ 48ನೇ ನಿಯಮ ಹೇಳುವ ಶೇಕಡಾ 1ರಿಂದ 1.5 ಇಳಿಜಾರು ಇದೇ. 5 ಮೀಟರ್ ಜಾಗ ಮಾತ್ರ ಇದ್ದರೆ ಅರ್ಧ ಲೆಕ್ಕ ಹಾಕಿ. ನಮ್ಮದು ಸರಿಯಾಗಿ ಬಂತು.

ಆ ಮೇಲೆ ಮತ್ತೆ ಮಳೆಗಾಲಗಳು ಕಳೆದಿವೆ, ದೀಪ ಹತ್ತಿಲ್ಲ. ಮಳೆಗೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕಡ್ಡಿಯನ್ನು ತೊಳೆಸಿ, ಜಾಯಿಂಟ್ ಬೆರಳಲ್ಲಿ ತಿರುಗುತ್ತದಾ ಅಂತ ನೋಡಿ, ಸಿಲಿಕೋನ್ ಗ್ರೀಸ್ ಹಚ್ಚಿಸುತ್ತೇನೆ. ರಬ್ಬರಿಗೆ ಅದು ಹಾನಿ ಮಾಡುವುದಿಲ್ಲ. ನಮ್ಮ ಕಾರಿನ ಸರ್ವಿಸ್ ಪಟ್ಟಿಯಲ್ಲಿ ಬ್ರೇಕ್ ಪ್ಯಾಡ್ ಇದೆ, ಎಸಿ ಫಿಲ್ಟರ್ ಇದೆ, ಈ ಕಡ್ಡಿಯ ಹೆಸರಿಲ್ಲ. ಸರ್ವಿಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ ನಾವೇ ಬರೆಸಬೇಕು.

ಆಟೋ ಲೆವೆಲಿಂಗ್ ವ್ಯವಸ್ಥೆಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಬಾಲ್ ಜಾಯಿಂಟಿನ ರಬ್ಬರಿಗೆ. ಇಷ್ಟು ಮುಖ್ಯವಾದ ಭಾಗಕ್ಕೆ ಕೆಸರು ತಡೆಯುವ ಒಂದು ಸಣ್ಣ ಪ್ಲಾಸ್ಟಿಕ್ ಮುಚ್ಚಳ ಕೊಟ್ಟಿದ್ದರೆ ಸಾಕಿತ್ತು ಅಲ್ವಾ?

ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ನೋಡಲು ಹೋಗುವವರು, ಅದರಲ್ಲೂ ಮಂಗಳೂರಿನಿಂದ ಕಾರವಾರದ ತನಕದ ಕಾರು ನೋಡುವವರು, ಸಂಜೆ ಹೊತ್ತಿಗೆ ಹೋಗಿ. ಗೋಡೆ ಮುಂದೆ ಲೋ ಬೀಮ್ ಹಾಕಿಸಿ, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ. ಬೆಳಕು ಮೊದಲು ಎದ್ದು, ಆಮೇಲೆ ತಾನಾಗಿ ಇಳಿದು ಹಳೆಯ ಗೆರೆಗೆ ಬಂದರೆ ಲೆವೆಲಿಂಗ್ ಸರಿ ಇದೆ. ಎದ್ದಲ್ಲೇ ನಿಂತರೆ, ಬೆಲೆ ಮಾತಾಡುವ ಮೊದಲು ಕಾರನ್ನು ಗುಂಡಿಗೆ ಹತ್ತಿಸಿ ನೋಡಿ.