ಕಂಠೀರವ ಸ್ಟೇಡಿಯಂ: ಪಶ್ಚಿಮದಲ್ಲಿ ಹಾಡು, ಪೂರ್ವದಲ್ಲಿ ಮೊಬೈಲು

ಮೊದಲೇ ಅಂಕ ಹೇಳಿಬಿಡ್ತೀನಿ. ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡದ ಮ್ಯಾಚ್ ಇರುವ ಸಂಜೆ ಕಂಠೀರವ ಕ್ರೀಡಾಂಗಣದಲ್ಲಿ ಪಶ್ಚಿಮ ಬ್ಲಾಕಿನ ಹಾಡಿಗೆ ಐದಕ್ಕೆ ನಾಲ್ಕೂವರೆ, ಮಿಕ್ಕ ಸ್ಟೇಡಿಯಂಗೆ ಎರಡು. ಇದರಲ್ಲಿ ಆಟದ ಲೆಕ್ಕ ಇಲ್ಲ. ಫಾರ್ಮೇಶನ್ನು, ಆಫ್‌ಸೈಡು, ಯಾರನ್ನ ಯಾಕೆ ಬೆಂಚಿನಲ್ಲಿ ಕೂರಿಸಿದರು ಅನ್ನೋದನ್ನ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ. ನಾನು ಮೈಕ್ ಸೆಟ್‌ನವನು. ಗಣೇಶ, ಅಣ್ಣಮ್ಮ, ರಾಜ್ಯೋತ್ಸವ, ಮದುವೆ ಆರ್ಕೆಸ್ಟ್ರಾ, ಎಲೆಕ್ಷನ್ ಬಂದರೆ ಎಲ್ಲ ಪಾರ್ಟಿಯ ಸಭೆ. ಕಣ್ಣು ಗೋಲ್‌ಪೋಸ್ಟ್ ಕಡೆ ಇದ್ದರೂ ಕಿವಿ ಮಾತ್ರ ಸ್ಟ್ಯಾಂಡಿನ ಕಡೆಗೇ ತಿರುಗಿರುತ್ತೆ.

ಇಲ್ಲಿನ ತೊಂದರೆ ಹಾಡುವವರದ್ದಲ್ಲ, ಜಾಗದ್ದು. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಸಿದ್ಧವಾದ ಸ್ಟೇಡಿಯಂ ಇದು. ಫುಟ್‌ಬಾಲ್ ಅಂಗಳದ ಸುತ್ತ ಎಂಟು ಲೇನಿನ 400 ಮೀಟರ್ ಟ್ರ್ಯಾಕ್ ಇದೆ. ಓಟಗಾರರಿಗೆ ಅದು ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಾಡುವವನಿಗೂ ಆಟಗಾರನಿಗೂ ನಡುವೆ ಅಷ್ಟು ಬಯಲು ಬಿದ್ದರೆ ಸದ್ದಿನ ಅರ್ಧ ಕಸುವು ಅಲ್ಲೇ ಹೋಯ್ತು. 2013ರಲ್ಲಿ ಕ್ಲಬ್ ಹುಟ್ಟಿದಾಗ ಮೊದಲ ಸೀಸನ್ ಆಡಿದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಅಲ್ಲಿ ಟ್ರ್ಯಾಕ್ ಇಲ್ಲ, ಲೈನ್‌ಮನ್‌ಗೆ ಬೈದರೆ ಅವನು ತಿರುಗಿ ನೋಡುವಷ್ಟು ಹತ್ತಿರ. ಆ ಸ್ಟೇಡಿಯಂನ ಪಶ್ಚಿಮ ಬ್ಲಾಕಿನಲ್ಲಿ ನಿಂತು ಕೂಗಿದ ಹುಡುಗರೇ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಬಳಗ ಆದರು, ತಂಡ ಆ ಸೀಸನ್ನಿನಲ್ಲೇ ದೇಶದ ಆಗಿನ ದೊಡ್ಡ ಲೀಗಾದ ಐ-ಲೀಗ್ ಗೆದ್ದಿತು. ಆಮೇಲೆ ಕಂಠೀರವಕ್ಕೆ ಬಂದರು. ಹೆಸರು ಜೊತೆಗೆ ಬಂತು, ಆ ಹತ್ತಿರ ಬರಲಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ, ನನ್ನ ಕಸುಬಿನ ಲೆಕ್ಕ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. ಟ್ರ್ಯಾಕಿನ ಒಳಗಿನ ಅಗಲ 73 ಮೀಟರ್, ಎರಡೂ ಕಡೆಯ ಲೇನು ಸೇರಿಸಿದರೆ 92 ದಾಟುತ್ತೆ, ಆಚೀಚೆಯ ಜಾಗವೂ ಸೇರಿದರೆ ಪಶ್ಚಿಮದ ಮೊದಲ ಸಾಲಿನಿಂದ ಪೂರ್ವದ ಮೊದಲ ಸಾಲಿಗೆ ನೂರು ಮೀಟರ್ ಅಂತ ಇಟ್ಟುಕೊಳ್ಳಿ. ಆಚೆಗೆ ಹೋಗೋಕೆ ಸದ್ದಿಗೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ಕಮ್ಮಿ ಬೇಕು. ಫುಟ್‌ಬಾಲ್ ಚಪ್ಪಾಳೆಯ ಸಾಮಾನ್ಯ ಲಯದಲ್ಲಿ ಒಂದು ಪೆಟ್ಟಿಗೂ ಇನ್ನೊಂದಕ್ಕೂ ಅರ್ಧ ಸೆಕೆಂಡು. ಅಂದರೆ ಪಶ್ಚಿಮದ ಡ್ರಮ್ಮು ಪೂರ್ವಕ್ಕೆ ಮುಟ್ಟುವಾಗ ಹೆಚ್ಚುಕಮ್ಮಿ ಎರಡು ಪೆಟ್ಟಿನ ನಡುವೆ ಬಂದು ಕೂತಿರುತ್ತೆ. ಪೂರ್ವದವರು ಕೇಳಿದ ತಾಳಕ್ಕೇ ಚಪ್ಪಾಳೆ ಹೊಡೀತಾರೆ, ಅದು ವಾಪಸ್ ಪಶ್ಚಿಮಕ್ಕೆ ಬರುವಾಗ ಒಂದು ಪೂರ್ತಿ ಪೆಟ್ಟಿಗಿಂತ ಹಿಂದೆ ಬಿದ್ದಿರುತ್ತೆ. ದೊಡ್ಡ ಸಭೆಗಳಲ್ಲಿ ಹಿಂದಿನ ಸ್ಪೀಕರಿಗೆ ಮೀಟರಿಗೆ ಸುಮಾರು ಮೂರು ಮಿಲಿಸೆಕೆಂಡಿನಂತೆ ಡಿಲೇ ಹಾಕಿ, ಅಂದರೆ ಸದ್ದನ್ನ ಬೇಕಂತಲೇ ತಡಮಾಡಿ, ನಾವು ಸರಿಮಾಡ್ತೀವಿ. ಜನರಿಗೆ ಡಿಲೇ ಹಾಕೋಕಾಗುತ್ತಾ?

ಇನ್ನೊಂದು ಅವಸ್ಥೆ, ದೂರಕ್ಕೆ ಅಕ್ಷರಗಳು ಬರಲ್ಲ. ಸ, ಚ, ತ, ಕ ಎಲ್ಲ ದಾರಿಯಲ್ಲೇ ಉದುರಿಹೋಗಿ ಬರೀ ಸ್ವರ ಬರುತ್ತೆ. ಪೂರ್ವದಲ್ಲಿ ನನ್ನ ಪಕ್ಕ ಒಬ್ಬರು ಮಗಳನ್ನ ಕರಕೊಂಡು ಬಂದಿದ್ದರು. ಆ ಮಗು ಮುಖಕ್ಕೆ ನೀಲಿ ಬಣ್ಣ ಬಳಿದುಕೊಂಡು, ಹಾಡಲೇಬೇಕು ಅಂತಲೇ ತಯಾರಾಗಿ ಬಂದಿದೆ. "ಅಪ್ಪಾ, ಅವರು ಏನ್ ಹೇಳ್ತಿದ್ದಾರೆ?" ಅಂತ ಕೇಳ್ತು. ಅಪ್ಪನಿಗೆ ಗೊತ್ತಿದ್ದರೆ ತಾನೇ. "ನೀನೂ ಓ ಅನ್ನು" ಅಂದರು. ಅದು ಒಂದಷ್ಟು ಹೊತ್ತು ಓ ಅಂದು, ಬೇಜಾರಾಗಿ ಅಪ್ಪನ ಫೋನ್ ಇಸಕೊಂಡು ಕೂತಿತು. ಪೂರ್ವದವರಿಗೆ ಉತ್ಸಾಹ ಇಲ್ಲ ಅಂತ ಬೈಯುವವರು ಇದನ್ನ ನೋಡಬೇಕಿತ್ತು. ಹಾಡು ಕೈಗೇ ಸಿಗದಿದ್ದರೆ ಯಾರು ಏನು ಹಾಡ್ತಾರೆ?

ಪಶ್ಚಿಮದ ಕಡೆ ಬರೋಣ. ಅಲ್ಲಿ ನಿಂತರೆ ಬೇರೆಯೇ ಲೋಕ. ಹಾಡಿಸುವ ಮುಂದಾಳುಗಳು ಆಟಕ್ಕೆ ಬೆನ್ನು ಹಾಕಿ, ಜನರ ಮುಖ ನೋಡಿಕೊಂಡು ನಿಲ್ತಾರೆ. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಮ್ಯಾಚನ್ನೇ ಪೂರ್ತಿ ನೋಡದವರು ಇವರು! ಗೋಲ್ ಬಿದ್ದದ್ದು ಇವರಿಗೆ ಎದುರಿನ ಮುಖಗಳಿಂದಲೇ ಗೊತ್ತಾಗೋದು. ತಂಡ ಸೋಲ್ತಾ ಇದ್ದರೂ ಹಾಡು ನಿಲ್ಲಲ್ಲ. ನನ್ನ ಪ್ರಕಾರ ಗೆಲ್ಲುವಾಗ ಹಾಡುವುದು ಯಾವ ದೊಡ್ಡ ಮಾತೂ ಅಲ್ಲ. 2025ರ ಮಾರ್ಚ್ 29ರಂದು ಮುಂಬೈ ಸಿಟಿಯನ್ನ ಐದು-ಸೊನ್ನೆಯಲ್ಲಿ ಸೋಲಿಸಿದಂಥ ದಿನ ಗೋಡೆಯೂ ಹಾಡುತ್ತೆ. ಶೂನ್ಯ-ಶೂನ್ಯ ಆಟ, 60ನೇ ನಿಮಿಷ, ಚೆಂಡು ನಡು ಅಂಗಳದಲ್ಲೇ ಓಡಾಡ್ತಿದೆ ಅನ್ನುವಾಗಲೂ ಕೂಗುವವರಿಗೆ ನಾಲ್ಕೂವರೆ ಕೊಡದೆ ಯಾರಿಗೆ ಕೊಡೋಣ?

ಅರ್ಧ ಅಂಕ ಕಳೆದದ್ದು ಶ್ರುತಿಗೆ. ಮುಂದಾಳು ಹುರುಪಿನಲ್ಲಿ ಎತ್ತರದಲ್ಲೇ ಶುರು ಮಾಡ್ತಾನೆ. ಆರ್ಕೆಸ್ಟ್ರಾದವರ ಭಾಷೆಯಲ್ಲಿ, ಅಂದರೆ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳೋದಾದರೆ ಬಿಳಿ ನಾಲ್ಕು, ಬಿಳಿ ಐದು. ಮೊದಲ ಸಾಲು ಜೋರಾಗಿ ಬರುತ್ತೆ. ಎರಡನೇ ಸಾಲು ಮೇಲಕ್ಕೆ ಹೋದ ತಕ್ಷಣ ಅರ್ಧ ಜನರ ಗಂಟಲು ಕೈಕೊಡುತ್ತೆ, ಹಾಡು ಹೋಗಿ ಕಿರುಚಾಟ ಆಗುತ್ತೆ, ನಾಲ್ಕನೇ ಸಾಲಿಗೆ ಬರೀ ಡ್ರಮ್ಮು ಉಳಿಯುತ್ತೆ. ಸಾಮಾನ್ಯ ಗಂಡಸಿನ ಗಂಟಲಿಗೆ ಬಿಳಿ ಒಂದು, ಕಪ್ಪು ಒಂದು ಸಾಕು, ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ ಸ ಸ್ವರಕ್ಕೆ ಹೋದರೂ ಒಡೆಯಲ್ಲ. ಶ್ರುತಿ ಕೊಡುವ ಒಂದು ಚಿಕ್ಕ ಪಿಚ್ ಪೈಪ್ ಜೇಬಿನಲ್ಲಿಟ್ಟುಕೊಳ್ಳಲಿ, ಅಥವಾ ಫೋನಿನಲ್ಲೇ ತಂಬೂರಿ ಆ್ಯಪ್ ಇದ್ದೇ ಇದೆ. ನಗಬೇಡಿ, ಪ್ರತಿ ಭಜನಾ ಮಂಡಳಿಯಲ್ಲೂ ಇದನ್ನ ನೋಡಿಕೊಳ್ಳೋಕೆ ಹಾರ್ಮೋನಿಯಂ ಹಿಡಿದ ಒಬ್ಬ ಹಿರಿಯ ಇರ್ತಾನೆ, ಅದಕ್ಕೇ ಅಲ್ಲಿ ಎಪ್ಪತ್ತು ದಾಟಿದ ಅಜ್ಜಿಯರೂ ಕೊನೆಯವರೆಗೆ ಹಾಡ್ತಾರೆ. ಲಯವೂ ಹಾಗೇ. ಡ್ರಮ್ಮಿನವನು ಗೋಲಿನ ಹತ್ತಿರ ಚೆಂಡು ಹೋದಂತೆ ಓಡೋಕೆ ಶುರು ಮಾಡ್ತಾನೆ. ಅವನನ್ನ ಹಿಡಿದು ನಿಲ್ಲಿಸೋಕೆ ಪಕ್ಕದಲ್ಲೊಬ್ಬ ಬೇಕು.

ಪೂರ್ವವನ್ನ ಎಬ್ಬಿಸೋದು ಹೇಗೆ? ಇಡೀ ಸ್ಟೇಡಿಯಂ ಒಂದೇ ದನಿಯಲ್ಲಿ ಕೂಗುವ ಗಳಿಗೆ ಒಂದಿದೆ, ಗಮನಿಸಿದ್ದೀರಾ? ತಂಡದ ಸುನಿಲ್ ಛೆಟ್ರಿ ಗೋಲ್ ಹೊಡೆದ ಮೇಲೆ ಅನೌನ್ಸರ್ "ಸುನಿಲ್" ಅಂತಾನೆ, ಎಲ್ಲ ಕಡೆಯಿಂದ "ಛೆಟ್ರಿ" ಅಂತ ಬರುತ್ತೆ. ಪೂರ್ವ, ಪಶ್ಚಿಮ, ಕುಟುಂಬ ಸಮೇತ ಬಂದವರು, ಪಾಸಿನಲ್ಲಿ ಬಂದವರು, ಎಲ್ಲರೂ. ಯಾಕೆ ಕೂಡಿಬರುತ್ತೆ ಅಂದರೆ ಕರೆ ನೂರು ಮೀಟರ್ ಆಚೆಯಿಂದ ಬರಲ್ಲ, ತಲೆಯ ಮೇಲಿನ ಸ್ಪೀಕರಿನಿಂದ ಬರುತ್ತೆ, ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಸಲ. ಪೂರ್ತಿ ಪದ ಕೇಳುತ್ತೆ, ಉತ್ತರ ಒಂದೇ ಪದ, ಮೊದಲೇ ಗೊತ್ತಿರೋದು. ಇದನ್ನೇ ಹಿಗ್ಗಿಸಬೇಕು ಅನ್ನೋದು ನನ್ನ ಸಲಹೆ. ಪಶ್ಚಿಮದ ಮುಂದಾಳಿನ ಕೈಗೆ ಒಂದು ವೈರ್‌ಲೆಸ್ ಮೈಕ್ ಕೊಟ್ಟು ಆಟದ ಒಂದೊಂದು ಅರ್ಧಕ್ಕೆ ಒಂದು ಸಲ, ಅಷ್ಟೇ ಸಾಕು, ಇಡೀ ಸ್ಟೇಡಿಯಂಗೆ ಕರೆ ಕೊಡಿಸಲಿ. ಹಾಡಿಸೋದು ಬೇಡ, ಎತ್ತಿಕೊಡಲಿ. ಜನ ಹಿಡಿದರು ಅಂದ ತಕ್ಷಣ ಸದ್ದು ಏರಿಸಿ ಇಳಿಸುವ ಫೇಡರ್ ಕೆಳಗೆ ಇಳಿಸಬೇಕು.

ಆ ಇಳಿಸೋದರಲ್ಲೇ ಇರೋದು ಕಷ್ಟ. ಇನ್ನೊಂದು ಊರಿನ ಮೈದಾನದಲ್ಲಿ, ಹೆಸರು ಬೇಡ, ಜನ ತಾವಾಗೇ ಒಂದು ಹಾಡು ಎತ್ತಿದ್ದರು, ಚೆನ್ನಾಗಿಯೇ ಏರ್ತಾ ಇತ್ತು. ಚೆಂಡು ಹೊರಗೆ ಹೋಯ್ತು ನೋಡಿ, ಡಿಜೆ ಬಾಸ್ ಹಾಕಿಬಿಟ್ಟ. ಎದೆಗೆ ಗುದ್ದುವಂಥ ಬಾಸು. ಎರಡು ಸಾವಿರ ಜನರ ಗಂಟಲು ಆ ಎಂಟು ಸಬ್‌ವೂಫರ್ ಮುಂದೆ ಏನಾಗಬೇಕು? ಹಾಡು ಸತ್ತುಹೋಯ್ತು, ಆಮೇಲೆ ಆ ಸಂಜೆ ಮತ್ತೆ ಏಳಲಿಲ್ಲ. ಜೋರು ಮಾಡೋದೇ ನನ್ನ ಹೊಟ್ಟೆಪಾಡು, ಆದರೂ ಹೇಳ್ತೀನಿ: ಫುಟ್‌ಬಾಲ್ ನಡೆಯುವಾಗ ಸ್ಪೀಕರ್ ಸುಮ್ಮನಿದ್ದಷ್ಟೂ ಒಳ್ಳೆಯದು.

ತಡವಾಗಿ ಬರುವ ಸದ್ದಿನ ಸಮಸ್ಯೆಗೆ ಐಸ್‌ಲೆಂಡಿನವರು ಒಂದು ಮದ್ದು ತೋರಿಸಿದ್ದಾರೆ. 2016ರ ಯೂರೋ ಟೂರ್ನಿಯಲ್ಲಿ ಅವರು ಮಾಡಿದ ಚಪ್ಪಾಳೆ ನೆನಪಿರಬಹುದು. ಒಂದು ಡ್ರಮ್ಮು, ಒಂದು ಚಪ್ಪಾಳೆ, ಒಂದು "ಹೂ", ಆಮೇಲೆ ಉದ್ದದ ಮೌನ. ಮೌನ ಉದ್ದ ಇರೋದರಿಂದ ಆಚೆ ಕಡೆಯ ಸದ್ದು ಬಂದು ಆ ಖಾಲಿಯಲ್ಲಿ ಕೂರೋಕೆ ಜಾಗ ಸಿಗುತ್ತೆ, ಒಂದರ ಮೇಲೊಂದು ಬೀಳಲ್ಲ. ಆಟ ಮುಗಿದ ಮೇಲೆ ಬಿಎಫ್‌ಸಿ ಆಟಗಾರರು ಪಶ್ಚಿಮ ಬ್ಲಾಕಿನ ಮುಂದೆ ನಿಂತು ಇದನ್ನ ಮಾಡಿಸಿದ್ದೂ ಇದೆ, ಮೈ ಜುಮ್ಮೆನ್ನುತ್ತೆ. ಆದರೆ ಅಷ್ಟು ಹೊತ್ತಿಗೆ ಪೂರ್ವದವರು ಕಬ್ಬನ್ ಪಾರ್ಕ್ ಮೆಟ್ರೋ ಕಡೆ ನಡೆದಾಗಿರುತ್ತೆ. ಇದನ್ನೇ ಆಟ ಶುರುವಾಗುವ ಮುಂಚೆ, ತಂಡ ಅಂಗಳಕ್ಕೆ ಇಳಿಯುವಾಗ ಯಾಕೆ ಮಾಡಿಸಬಾರದು?

ವಾದ್ಯದ ಬಗ್ಗೆಯೂ ಒಂದು ಮಾತು. ದೊಡ್ಡ ಬಾಸ್ ಡ್ರಮ್ ಬಯಲಿನಲ್ಲಿ ಹರಡಿಕೊಂಡು ದೂರಕ್ಕೆ ಬರೀ ಗುಡುಗುಡು ಅಂತ ತಲುಪುತ್ತೆ, ಪೆಟ್ಟು ಎಲ್ಲಿ ಬಿತ್ತು ಅಂತ ಗೊತ್ತಾಗಲ್ಲ. ಅಣ್ಣಮ್ಮನ ಮೆರವಣಿಗೆ ಎರಡು ರಸ್ತೆ ಆಚೆ ಇದ್ದರೂ ನಮ್ಮ ಅಂಗಡಿಗೆ ಕೇಳೋದು ತಮಟೆ. ಅದರ ಪೆಟ್ಟಿಗೆ ಅಂಚಿದೆ, ಚಟ್ ಅಂತ ಬಂದು ಕಿವಿಗೆ ನಾಟುತ್ತೆ. ಚರ್ಮದ ತಮಟೆ ತಂಪಾದರೆ ಸಡಿಲವಾಗುತ್ತೆ, ಪೇಪರ್ ಉರಿಸಿ ಕಾಯಿಸಬೇಕು, ಸ್ಟೇಡಿಯಂ ಒಳಗೆ ಬೆಂಕಿಪೊಟ್ಟಣ ಯಾರು ಬಿಡ್ತಾರೆ? ಈಗ ಫೈಬರ್ ಹೊದಿಕೆಯದು ಬಂದಿದೆ, ನಾದ ಸ್ವಲ್ಪ ಒಣ ಅನ್ನಿಸಿದರೂ ಈ ಕೆಲಸಕ್ಕೆ ಅದೇ ಸರಿ. ನಾಲ್ಕು ತಮಟೆ ಪೂರ್ವದ ನಡುವಿನ ಬ್ಲಾಕಿನಲ್ಲಿ ಇಡಿ, ಪಶ್ಚಿಮದ ತಾಳಕ್ಕೆ ಹೊಂದಿಸೋಕೆ ಹೋಗಬೇಡಿ. ಅವರ ಸಾಲು ಮುಗಿದ ಮೇಲೆ ಇವರ ಸಾಲು. ಸೋಬಾನೆ ಪದ ಶತಮಾನಗಳಿಂದ ನಡೆದು ಬಂದಿರೋದೂ ಹಾಗೇ ತಾನೇ, ಒಬ್ಬರು ಹೇಳ್ತಾರೆ, ಉಳಿದವರು ಸೊಲ್ಲು ಕೂಡಿಸ್ತಾರೆ.

ಉತ್ತರ ಕೊಡೋಕೆ ಎದುರಾಳಿ ಇದ್ದರೆ ಇದೇ ಸ್ಟೇಡಿಯಂ ಹೇಗೆ ಬದಲಾಗುತ್ತೆ ಅಂತ ಕೇರಳ ಬ್ಲಾಸ್ಟರ್ಸ್ ಬಂದ ದಿನ ನೋಡಬೇಕು. ಬೆಂಗಳೂರಿನಲ್ಲಿರುವ ಮಲಯಾಳಿಗಳೆಲ್ಲ ಹಳದಿ ಅಂಗಿ ಹಾಕಿಕೊಂಡು ಬರ್ತಾರೆ, ಒಂದು ಕಡೆಯ ಸ್ಟ್ಯಾಂಡು ತುಂಬಿಹೋಗುತ್ತೆ. ಅವರು ಕೂಗಿದರು ಅಂತ ಇವರು, ಇವರು ಕೂಗಿದರು ಅಂತ ಅವರು. 2023ರ ಮಾರ್ಚ್ 3ರ ಪ್ಲೇ-ಆಫ್‌ನಲ್ಲಿ ಹೆಚ್ಚುವರಿ ಸಮಯದ 96ನೇ ನಿಮಿಷಕ್ಕೆ ಎದುರಾಳಿಗಳು ಅಡ್ಡ ನಿಂತು ಗೋಡೆ ಕಟ್ಟೋಕೂ ಬಿಡದೆ ಛೆಟ್ರಿ ಫ್ರೀಕಿಕ್ ಒದ್ದು ಗೋಲ್ ಮಾಡಿ, ಬ್ಲಾಸ್ಟರ್ಸ್‌ನವರು ಅಂಗಳ ಬಿಟ್ಟು ಹೊರಟೇಹೋದ ಮೇಲೆ ಈ ಜಿದ್ದು ಇನ್ನೂ ಗಟ್ಟಿಯಾಯ್ತು. 2024ರ ಡಿಸೆಂಬರಿನಲ್ಲಿ ನಾಲ್ಕು-ಎರಡರ ಆಟ, ಛೆಟ್ರಿ 40ನೇ ವಯಸ್ಸಿನಲ್ಲಿ ಹ್ಯಾಟ್ರಿಕ್ ಹೊಡೆದದ್ದು, ಅದೂ ಇವರ ಮೇಲೆಯೇ. ಆ ಥರದ ಸಂಜೆಗಳಲ್ಲಿ ಪೂರ್ವದವರೂ ಮೊಬೈಲ್ ಜೇಬಿಗೆ ಹಾಕ್ತಾರೆ. "ಬೈಯೋಕಾದರೂ ಸ್ಟೇಡಿಯಂಗೆ ಬನ್ನಿ" ಅನ್ನೋ ಅರ್ಥದಲ್ಲಿ 2018ರಲ್ಲಿ ವಿಡಿಯೋ ಮಾಡಿ ಜನರನ್ನ ಕೇಳಿಕೊಂಡವನು ಇದೇ ಛೆಟ್ರಿ, ದೇಶದ ತಂಡದ ಮ್ಯಾಚಿಗೆ ಮುಂಬೈನಲ್ಲಿ ಜನ ಬರ್ತಿಲ್ಲ ಅಂತ.

ಹೊರದೇಶದ ಉದಾಹರಣೆ ಕೊಡುವವರು ಮೊದಲು ಜರ್ಮನಿಯ ಡಾರ್ಟ್‌ಮಂಡ್ ಅಂತಾರೆ. ಅಲ್ಲಿನ ದಕ್ಷಿಣ ಸ್ಟ್ಯಾಂಡಿನಲ್ಲಿ 24 ಸಾವಿರಕ್ಕೂ ಹೆಚ್ಚು ಜನ ನಿಂತೇ ನೋಡ್ತಾರೆ, ಅಂದರೆ ಕಂಠೀರವದಲ್ಲಿ ಕೂರುವವರೆಲ್ಲ ಒಂದೇ ಸ್ಟ್ಯಾಂಡಿನಲ್ಲಿ ನಿಂತ ಹಾಗೆ. ಅದನ್ನ ನಮಗೆ ಹೋಲಿಸಿ ಪ್ರಯೋಜನ ಇಲ್ಲ. ಹೋಲಿಸಬೇಕಾದ್ದು ಲಂಡನ್ನಿನ ವೆಸ್ಟ್ ಹ್ಯಾಮ್. 2016ರಲ್ಲಿ ಇಕ್ಕಟ್ಟಿನ ಹಳೇ ಮೈದಾನ ಬಿಟ್ಟು ಒಲಿಂಪಿಕ್ಸಿಗೆ ಕಟ್ಟಿದ ಸ್ಟೇಡಿಯಂಗೆ ಹೋದರು, ಹಾಡು ಮೊದಲಿನಂತಿಲ್ಲ ಅಂತ ಅಲ್ಲಿನ ಅಭಿಮಾನಿಗಳು ವರ್ಷಗಟ್ಟಲೆ ಗೊಣಗಿದರು. ದುಡ್ಡಿರುವ ಪ್ರೀಮಿಯರ್ ಲೀಗಿನವರಿಗೇ ಈ ಗತಿ. ಹಾಗಾಗಿ ನಮ್ಮ ಹುಡುಗರ ಮೇಲೆ ಗೂಬೆ ಕೂರಿಸಬೇಡಿ.

ಹಾಡಿನ ಸಾಹಿತ್ಯ? ಪಶ್ಚಿಮದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಕಲಸಿಕೊಂಡು ನಡೆಯುತ್ತೆ, ಊರೇ ಹಾಗಿದೆ. ಪೆಲೆಯ ಪ್ರತಿಮೆ ನಿಲ್ಲಿಸಿದ ಗೌತಮಪುರದಿಂದ ಬರುವ ಹುಡುಗರು ನಡುನಡುವೆ ತಮಿಳಿನಲ್ಲಿ ರೇಗಿಸೋದೂ ಉಂಟು, ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದೇ ಆ ಬೀದಿಗಳಲ್ಲಿ. ಆದರೆ ಇಡೀ ಸ್ಟೇಡಿಯಂಗೆ ಹಂಚೋಕೆ ಕನ್ನಡದ್ದೇ ಇರಲಿ ಅಂತೀನಿ. ಅಭಿಮಾನಕ್ಕೆ ಅಂತ ಅಲ್ಲ, ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಎಷ್ಟು ಬೇಕಾದರೂ ಎಳೀಬಹುದು, ನೂರು ಮೀಟರ್ ಆಚೆಗೂ ಏನಾದರೂ ಉಳಿದಿರುತ್ತೆ. ನಾಲ್ಕೇ ಸಾಲು, ಟಿಕೆಟ್ ಹಿಂದೆ ಅಚ್ಚು ಹಾಕಿಸಿ, ದೊಡ್ಡ ಪರದೆಯಲ್ಲಿ ತೋರಿಸಿ.

ಹೋಗುವವರಿಗೆ: ಹಾಡಬೇಕು ಅಂತಲೇ ಹೋಗ್ತೀರಾದರೆ ಪಶ್ಚಿಮ ಬ್ಲಾಕಿನ ಟಿಕೆಟ್ ತಗೊಳ್ಳಿ, ಮೊದಲ ಸಲವಾದರೂ ಯಾರೂ ಮುಖ ತಿರುಗಿಸಲ್ಲ, ಪದ ಗೊತ್ತಿಲ್ಲದಿದ್ದರೆ ಪಕ್ಕದವನೇ ಕಿವಿಗೆ ಹೇಳಿಕೊಡ್ತಾನೆ. ಅಲ್ಲಿ ಕೂತು ನೋಡೋ ಆಸೆ ಬಿಡಿ, ಮುಂದಿನವರು ತೊಂಬತ್ತು ನಿಮಿಷವೂ ನಿಂತಿರ್ತಾರೆ. ಚಿಕ್ಕ ಮಕ್ಕಳಿದ್ದರೆ ಪೂರ್ವವೇ ವಾಸಿ. ಡ್ರಮ್ಮಿನ ಎದುರಿಗೇ ನಿಲ್ಲಬೇಡಿ, ನಿಂತರೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಗಾಡಿ ತರಬೇಡಿ, ಮೆಟ್ರೋದಲ್ಲಿ ಬನ್ನಿ.